ಇಪ್ಪತ್ನಾಲ್ಕರಲ್ಲಿ ಹನ್ನೊಂದು ಹೋದರೆ

ಗ್ರೀಸ್ ಸರ್ಕಾರದ ಲೆಕ್ಕಪಾಂಡಿತ್ಯಕ್ಕೆ ಶಾಲು ಹೊದಿಸಬೇಕು. ಐರೋಪ್ಯ ಒಕ್ಕೂಟದ ನಿಯಮದಂತೆ ಕಾರ್ಮಿಕನಿಗೆ ದಿನಕ್ಕೆ ಸತತ 11 ಗಂಟೆ ವಿಶ್ರಾಂತಿ ಸಿಗಲೇಬೇಕು. ಇಪ್ಪತ್ನಾಲ್ಕರಲ್ಲಿ ಹನ್ನೊಂದು ಕಳೆದರೆ ಹದಿಮೂರು. 2025ರ ಅಕ್ಟೋಬರಿನಲ್ಲಿ ಅಥೆನ್ಸ್‌ನ ಸಂಸತ್ತು ಒಬ್ಬನೇ ಮಾಲೀಕನ ಬಳಿ ದಿನಕ್ಕೆ ದುಡಿಯಬಹುದೆಂದು ಒಪ್ಪಿದ್ದೂ ಸರಿಯಾಗಿ ಹದಿಮೂರು ಗಂಟೆ. ಒಂದು ನಿಮಿಷವೂ ಪೋಲಾಗಿಲ್ಲ. ಮಿಕ್ಕ ಹನ್ನೊಂದರಲ್ಲಿ ಬಸ್ಸು ಕಾಯುವುದು, ಅಡುಗೆ, ಮಗುವಿನ ಹೋಂವರ್ಕ್, ಬಟ್ಟೆ ಒಗೆಯುವುದು ಎಲ್ಲವೂ ಕಾನೂನಿನ ಕಣ್ಣಿಗೆ ವಿಶ್ರಾಂತಿಯೇ.

ಕಾರ್ಮಿಕ ಸಚಿವೆ ನಿಕಿ ಕೆರಾಮೆಯಸ್ ಅವರ ಸಮರ್ಥನೆ ಇನ್ನೂ ಸೊಗಸು. ಇಬ್ಬರು ಮಾಲೀಕರ ಬಳಿ ದುಡಿದು ಹದಿಮೂರು ಗಂಟೆ ತುಂಬಿಸಲು ಮೊದಲೇ ಅವಕಾಶವಿತ್ತಂತೆ. ಈಗ ಒಬ್ಬನ ಬಳಿಯೇ ಶೇ 40 ಹೆಚ್ಚುವರಿ ಕೂಲಿಯೊಂದಿಗೆ ಮುಗಿಸಬಹುದಂತೆ. ಅಲೆದಾಟ ತಪ್ಪಿತು, ಪುಣ್ಯಾತ್ಗಿತ್ತಿ! ಒಂದು ಕೆಲಸದ ಸಂಬಳದಲ್ಲಿ ಸಂಸಾರ ಏಕೆ ಸಾಗುವುದಿಲ್ಲ ಎಂದು ಕೇಳುವುದು ಮಾತ್ರ ಅಧಿಕಪ್ರಸಂಗ.

ಇದೇ ಗ್ರೀಕರನ್ನು ಸಾಲದ ಬಿಕ್ಕಟ್ಟಿನ ವರ್ಷಗಳಲ್ಲಿ ಉತ್ತರ ಯುರೋಪಿನವರು ಸೋಮಾರಿಗಳೆಂದು ಹೀಯಾಳಿಸಿದ್ದರು. 2017ರಲ್ಲಿ ನೆದರ್ಲೆಂಡ್ಸ್‌ನ ಹಣಕಾಸು ಸಚಿವ ಡೈಸೆಲ್‌ಬ್ಲೂಮ್, ಹಣವನ್ನೆಲ್ಲ ಹೆಂಡಕ್ಕೂ ಹೆಂಗಸರಿಗೂ ಸುರಿದು ಆಮೇಲೆ ನೆರವಿಗೆ ಕೈಚಾಚಬಾರದೆಂದು ದಕ್ಷಿಣ ಯುರೋಪಿಗೆ ನೀತಿಪಾಠ ಹೇಳಿದ್ದರು. ಒಕ್ಕೂಟದ ಅಂಕಿಅಂಶ ಸಂಸ್ಥೆ ಯೂರೋಸ್ಟಾಟ್‌ನ 2024ರ ಲೆಕ್ಕ ನೋಡಿ: ವಾರಕ್ಕೆ ಸರಾಸರಿ 39.8 ಗಂಟೆ ದುಡಿದು ಒಕ್ಕೂಟಕ್ಕೇ ಮೊದಲಿಗರಾದವರು ಗ್ರೀಕರು. ನೀತಿಪಾಠದ ಊರಿನವರು 32.1 ಗಂಟೆಗೆ ಕೊಡವಿಕೊಂಡು ಎದ್ದು ಎಲ್ಲರಿಗಿಂತ ಕೊನೆಯಲ್ಲಿದ್ದಾರೆ. ಅವರಿಗೂ ಒಳ್ಳೆಯದಾಗಲಿ, ಸೈಕಲ್ ತುಳಿಯಲಿ.

ನಾವು ನಗುವಂತಿಲ್ಲ. ಬೆಂಗಳೂರಿನ ಐಟಿ ನೌಕರರಿಗೆ 14 ಗಂಟೆಯ ದಿನದ ಪ್ರಸ್ತಾವ 2024ರಲ್ಲೇ ಬಂದಿತ್ತು. ನಮಗೆ ಅಡ್ಡಬರಲು ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಕೂಡ ಇಲ್ಲ.

ಗ್ರೀಸಿನ ಈ ಕಾನೂನಿನಲ್ಲಿ ಎಲ್ಲವೂ ಸ್ವಇಚ್ಛೆಯಂತೆ, ವರ್ಷಕ್ಕೆ 37 ದಿನ ಮಾತ್ರವಂತೆ, ಒಲ್ಲೆ ಎಂದವನನ್ನು ಕೆಲಸದಿಂದ ತೆಗೆಯುವಂತಿಲ್ಲವಂತೆ. ಆಗಸ್ಟ್ ತಿಂಗಳಲ್ಲಿ ಯಾವುದೋ ದ್ವೀಪದ ಹೋಟೆಲು. ಟೇಬಲ್‌ಗಳೆಲ್ಲ ಭರ್ತಿ, ಬೆಳಿಗ್ಗೆಯಿಂದ ತಟ್ಟೆ ಹೊತ್ತ ಹುಡುಗನ ಕಾಲು ಊದಿದೆ. ಮಾಲೀಕ ಹೆಗಲ ಮೇಲೆ ಕೈಯಿಟ್ಟು, "ಇನ್ನೂ ಸ್ವಲ್ಪ ಹೊತ್ತು ಇರುತ್ತೀಯಾ? ಬಲವಂತವೇನಿಲ್ಲ, ನಿನ್ನಿಷ್ಟ" ಎನ್ನುತ್ತಾನೆ. ಹುಡುಗ ಒಲ್ಲೆ ಎಂದರೆ ಅವನನ್ನು ಯಾರೂ ತೆಗೆಯುವುದಿಲ್ಲ. ಮುಂದಿನ ಬೇಸಿಗೆಗೆ ಕರೆಯುವುದಿಲ್ಲ, ಅಷ್ಟೆ. ಅದಕ್ಕೆ ಯಾವ ಕಾನೂನಿನಲ್ಲೂ ದಂಡವಿಲ್ಲ. 2025ರಲ್ಲಿ ತಿಂಗಳಿಗೆ 880 ಯೂರೋ ಕನಿಷ್ಠ ವೇತನ ನಿಗದಿ ಮಾಡಿದವರಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅದನ್ನು ಆಯ್ಕೆಯ ಸ್ವಾತಂತ್ರ್ಯ ಎಂದು ಕರೆಯುವವರ ಮುಖ ನೋಡಿದರೆ ವಿಡಂಬನೆ ಮಾಡುವ ಉಮೇದೂ ಇಳಿದುಹೋಗುತ್ತದೆ.

ಅಕ್ಟೋಬರ್ 14ರಂದು ದೇಶವ್ಯಾಪಿ ಮುಷ್ಕರವಾಯಿತು, ಹಡಗುಗಳು ದಡದಲ್ಲೇ ನಿಂತವು. ಎರಡು ದಿನ ಬಿಟ್ಟು ಮಸೂದೆ ಪಾಸಾಯಿತು. ಮುಷ್ಕರದ ದಿನದ ಕೂಲಿ ಕಳೆದುಕೊಂಡವರು ಈಗ ಓವರ್‌ಟೈಮ್ ಮಾಡಿ ತುಂಬಿಕೊಳ್ಳಬಹುದು, ಸ್ವಇಚ್ಛೆಯಿಂದ.