ಬಿಲ್ ಯಾವ ದಾರಿಯಲ್ಲಿ ಬಂದ?

ಹೋದ ವಾರ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಒಳದಾರಿಯಲ್ಲಿ ಸಿಗುವ ನಮ್ಮ ಮನೆಯಲ್ಲಿ, ಅದೂ ಜುಲೈ ತಿಂಗಳಲ್ಲಿ, ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸ್ ಕೆಲಸ ಮಾಡುತ್ತೇನೆ ಅಂತ ಹೊರಟವನ ಧೈರ್ಯ ಮೆಚ್ಚಬೇಕು. ಎರಡನೇ ದಿನ ಕರೆಂಟು ಹೋಯಿತು. ಮೂರನೇ ದಿನ ನೆಟ್‌ವರ್ಕೂ ಹೋಯಿತು. ನಾಲ್ಕನೇ ದಿನ ಅವನು ರಜೆ ಹಾಕಿ, ಅಟ್ಟದ ಮೇಲಿದ್ದ ನನ್ನ ಹಳೆಯ ‘ಲಾರ್ಡ್ ಆಫ್ ದಿ ರಿಂಗ್ಸ್’ ಇಳಿಸಿಕೊಂಡು ಬಚ್ಚಲೊಲೆ ಹತ್ತಿರ ಕೂತ.

ಇಂಗ್ಲಿಷ್ ಲೇಖಕ ಟೋಲ್ಕಿನ್ ಆ ಕಾದಂಬರಿಯನ್ನು 1954-55ರಲ್ಲಿ ಮೂರು ಸಂಪುಟ ಮಾಡಿ ತಂದಿದ್ದರು. ನನ್ನದು ಮೂರೂ ಸೇರಿದ ಒಂದೇ ಪುಸ್ತಕ, ತಲೆದಿಂಬಿನಷ್ಟು ದಪ್ಪ. ಪ್ರತಿ ಮಳೆಗಾಲ ಬೂಷ್ಟು ಹಿಡಿಯುತ್ತದೆ. ಪ್ರತಿ ಮಳೆಗಾಲ ಒಲೆ ಹತ್ತಿರ ಇಟ್ಟು ಒಣಗಿಸುತ್ತೇನೆ. ಹಾಗಾಗಿ ಹಾಳೆ ತಿರುಗಿಸಿದರೆ ಹೊಗೆ ವಾಸನೆ. ಮೋರಿಯಾದ ಗುಹೆಯೊಳಗೆ ಹೋಗುವ ಅಧ್ಯಾಯಕ್ಕಂತೂ ಅದು ಚೆನ್ನಾಗಿಯೇ ಹೊಂದುತ್ತದೆ.

ಅವನೂ ಮೊದಲೇ ಓದಿದ್ದವನು. ಓದುತ್ತಾ ಓದುತ್ತಾ ಕೇಳಿದ, ‘ಚಿಕ್ಕಮ್ಮ, ಇದಕ್ಕೆ ಒಂದೇ ಒಂದು ಸೀನ್ ಸೇರಿಸಬಹುದು ಅಂದ್ರೆ ನೀನು ಯಾವುದು ಸೇರಿಸ್ತೀಯ?’

‘ಮೊದ್ಲು ನೀನು ಹೇಳು ಮಾರಾಯ.’

ಅವನದ್ದು ಯುದ್ಧ. ಎಂಟ್‌ಗಳು, ಅಂದರೆ ಆ ನಡೆದಾಡುವ ಮರದಂಥ ಜನ, ಐಸೆಂಗಾರ್ಡಿನ ಕೋಟೆ ಪುಡಿ ಮಾಡುವುದನ್ನು ನೇರವಾಗಿ ತೋರಿಸಬೇಕಿತ್ತಂತೆ. ಸತ್ತವರ ಸೈನ್ಯ ಹಡಗುಗಳ ಮೇಲೆ ಬೀಳುವುದನ್ನೂ ತೋರಿಸಬೇಕಿತ್ತಂತೆ. ಎರಡನ್ನೂ ಟೋಲ್ಕಿನ್ ಬೇರೆಯವರ ಬಾಯಲ್ಲಿ ಹೇಳಿಸಿ ಮುಗಿಸಿದ್ದಾರೆ, ಅದು ನಿಜ. ಆದರೆ ನನಗೆ ಅದೇ ಇಷ್ಟ. ಕೋಟೆ ಮುರಿದು ಬಿದ್ದಿದೆ, ಎಲ್ಲಾ ಕಡೆ ನೀರು ನಿಂತಿದೆ. ಬಾಗಿಲಲ್ಲಿ ನಾಯಕ ಫ್ರೋಡೋನ ಗೆಳೆಯರಾದ ಮೆರ್ರಿ, ಪಿಪ್ಪಿನ್ ಇಬ್ಬರೂ ಹೊಟ್ಟೆ ತುಂಬ ತಿಂದು, ಪೈಪ್ ಸೇದುತ್ತಾ, ಆದದ್ದೆಲ್ಲ ಹೇಳುತ್ತಾರೆ. ನಮ್ಮಲ್ಲಿ ಆನೆ ಬಂದು ಹೋದ ಮರುದಿನ ಜಗಲಿಯಲ್ಲಿ ನಡೆಯುವುದೂ ಇದೇ ಅಲ್ವಾ? ತೋಟದಲ್ಲಿ ಕಂಡ ಆನೆಗಿಂತ ಜಗಲಿಯ ಆನೆ ಯಾವಾಗಲೂ ದೊಡ್ಡದು. ಮತ್ತೆ, ಯುದ್ಧ ಬೇಕು ಅಂದವರಿಗೆ ಸಿನಿಮಾದಲ್ಲಿ ಬೇಕಾದಷ್ಟು ಸಿಕ್ಕಿದೆ.

ನನಗೆ ಬೇಕಾಗಿದ್ದು ಒಂದು ಗಿಡ್ಡ ಕುದುರೆಯ ಕಥೆ.

ಓದದವರಿಗೆ ಸ್ವಲ್ಪ ಹೇಳುತ್ತೇನೆ. ಒಂದು ಕೆಟ್ಟ ಉಂಗುರದ ಕಾಟದಿಂದ ಊರು ಬಿಟ್ಟು ಹೊರಟ ಫ್ರೋಡೋ, ಅವನ ತೋಟದ ಕೆಲಸದ ಸ್ಯಾಮ್ ಎಲ್ಲ ಬ್ರೀ ಎಂಬ ಊರಿನ ಛತ್ರದಲ್ಲಿ ಉಳಿದಾಗ ರಾತ್ರೋರಾತ್ರಿ ಅವರ ಕುದುರೆಗಳು ಇಲ್ಲವಾಗುತ್ತವೆ. ಊರಲ್ಲಿ ಸಿಗುವುದು ಒಂದೇ ಒಂದು ಬಡಕಲು ಪೋನಿ. ಬಿಲ್ ಫರ್ನಿ ಅನ್ನುವ ನೀಚನ ಬಳಿ ಹೊಡೆತ ತಿಂದು, ಹಸಿದು ಬೆಳೆದದ್ದು. ಅದರ ನಿಜವಾದ ಬೆಲೆಯ ಮೂರು ಪಟ್ಟು, ಅಂದರೆ 12 ಬೆಳ್ಳಿ ನಾಣ್ಯ, ಅವನು ಕಿತ್ತುಕೊಳ್ಳುತ್ತಾನೆ. ಸ್ಯಾಮ್ ಆ ಕುದುರೆಗೂ ಬಿಲ್ ಅಂತಲೇ ಹೆಸರಿಟ್ಟು, ತಿನ್ನಿಸಿ, ಮೈಸವರಿ, ಮಾತಾಡಿಸಿ, ಅದನ್ನು ಮನುಷ್ಯನ ಮೇಲೆ ನಂಬಿಕೆ ಇಡುವಂತೆ ಮಾಡುತ್ತಾನೆ. ಆಮೇಲೆ ಮೋರಿಯಾ ಬರುತ್ತದೆ. ಆ ಕತ್ತಲ ಗುಹೆಗೆ ಕುದುರೆಯನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಜೊತೆಗಿದ್ದ ಮುದುಕ ಮಂತ್ರವಾದಿ ಗ್ಯಾಂಡಾಲ್ಫ್ ಅದರ ತಲೆ ಮೇಲೆ ಕೈಯಿಟ್ಟು ಕಾಪಾಡುವ ಮಾತು ನಾಲ್ಕು ಹೇಳುತ್ತಾನೆ. ಅಷ್ಟರಲ್ಲಿ ಕೆರೆಯಿಂದ ಏನೋ ಒಂದು ಎದ್ದು ಫ್ರೋಡೋನ ಕಾಲು ಹಿಡಿಯುತ್ತದೆ. ಬಿಲ್ ಹೆದರಿ ಓಡುತ್ತದೆ. ಸ್ಯಾಮ್ ಅದರ ಹಿಂದೆ ಓಡಿದವನು, ಫ್ರೋಡೋ ಕೂಗಿದ್ದು ಕೇಳಿ, ಅಳುತ್ತಾ ಬೈಯುತ್ತಾ ವಾಪಸ್ ತಿರುಗುತ್ತಾನೆ.

ನಡು ಚಳಿಗಾಲ. ಹಿಂದಿನ ರಾತ್ರಿಯಷ್ಟೇ ತೋಳಗಳ ಹಿಂಡು ಮೇಲೆ ಬಿದ್ದಿತ್ತು. ಆ ಕಾಡಿನಲ್ಲಿ ಒಂದು ಗಿಡ್ಡ ಕುದುರೆ ಒಂಟಿಯಾಗಿ ಉಳಿಯಿತು.

ನೂರಾರು ಪುಟ ಆದ ಮೇಲೆ, ರಾಜರು ಪಟ್ಟಕ್ಕೆ ಬಂದು, ಲೋಕ ಎಲ್ಲ ಸರಿಯಾದ ಮೇಲೆ, ಇವರು ತಿರುಗಿ ಬ್ರೀಗೆ ಬರುತ್ತಾರೆ. ಛತ್ರದ ಯಜಮಾನ ಬಟರ್ಬರ್ ಮಾತಿನ ಮಧ್ಯೆ ಹೇಳುತ್ತಾನೆ, ನಿಮ್ಮ ಜೊತೆ ಹೋಗಿದ್ದ ಆ ಪೋನಿ ತಾನಾಗಿಯೇ ಬಂತು ಅಂತ. ಮೈಯೆಲ್ಲಾ ಕೂದಲು ಜಡೆಗಟ್ಟಿ, ಎಲುಬು ಕಾಣುವ ಹಾಗೆ ಸೊರಗಿ, ಅಂತೂ ಜೀವಂತ ಬಂತಂತೆ. ಅದು ಎಲ್ಲಿತ್ತೋ ನನಗಿಂತ ನಿಮಗೇ ಗೊತ್ತಿರಬೇಕು ಅಂತಾನೆ. ಅಷ್ಟೇ. ಇವರಿಗೂ ಗೊತ್ತಿಲ್ಲ. ಸ್ಯಾಮ್ ಆ ರಾತ್ರಿ ಲಾಯಕ್ಕೆ ಹೋಗಿ ಅದನ್ನು ನೋಡದೆ ಮಲಗುವುದಿಲ್ಲ. ಆಮೇಲೆ ಇವರ ಸ್ವಂತ ಊರಾದ ಶೈರ್‌ನ ಗೇಟಿನಲ್ಲಿ ಅದೇ ಬಿಲ್ ಫರ್ನಿ ಎದುರಾದಾಗ ಬಿಲ್ ಹಿಂಗಾಲಲ್ಲಿ ಒಂದು ಸರಿಯಾಗಿ ಬಿಡುತ್ತದೆ. ಇಡೀ ಕಾದಂಬರಿಯಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಏಟು ಅದು.

ಇಷ್ಟಕ್ಕೆ ಯಾಕೆ ಒದ್ದಾಡುತ್ತೀಯ ಅಂತೀರೇನೋ. ನಮ್ಮ ಅಜ್ಜಿಯ ದನದ ಕಥೆ ಹೇಳಿದರೆ ಅರ್ಥ ಆಗುತ್ತದೆ.

ಕೆಂಪಿ ಅಂತ. ಮಲೆನಾಡು ಗಿಡ್ಡ ತಳಿ. ಸೊಂಟದೆತ್ತರ, ದಿನಕ್ಕೆ ಎರಡು ಲೋಟ ಹಾಲು, ಆದರೆ ಬೇಲಿ ಹಾರುವುದರಲ್ಲಿ ಎತ್ತಿದ ಕೈ. ಯಾವುದೋ ಸಾಲದ ತೊಂದರೆಯಲ್ಲಿ ಅಜ್ಜ ಅದನ್ನು ಹೊಸನಗರದ ಆಚೆಯವರಿಗೆ ಕೊಟ್ಟುಬಿಟ್ಟರು. ಲಾರಿಯಲ್ಲಿ ಹೋಯಿತು, ಅಂದರೆ ದಾರಿ ನೋಡಿಕೊಂಡು ನಡೆದು ಹೋಗಿದ್ದಲ್ಲ. ಆರನೇ ದಿನ ಬೆಳಗಿನ ಜಾವ ಉಣುಗೋಲಿನ ಹತ್ತಿರ ಏನೋ ಕೆಮ್ಮಿದಂತೆ ಆಯಿತು. ಅಜ್ಜಿ ಲಾಟೀನು ಹಿಡಿದು ಹೋದರೆ ಕೆಂಪಿ. ಕೊರಳಲ್ಲಿ ತುಂಡಾದ ಕಣ್ಣಿ. ಗೊರಸಿನ ಸಂದಿಯಲ್ಲೆಲ್ಲಾ ಉಂಬಳ ಕಚ್ಚಿ, ಕಾಲಿನ ಮೇಲೆ ರಕ್ತದ ಗೆರೆ. ಒಂದು ಕೊಂಬಿನಲ್ಲಿ ಯಾರ ಮನೆಯದೋ ಅವರೆ ಬಳ್ಳಿ ಸಿಕ್ಕಿಕೊಂಡಿತ್ತು.

ಅಜ್ಜಿ ಬಿಸಿನೀರು ತಂದು ಕಾಲು ತೊಳೆದರು. ಅಕ್ಕಚ್ಚು ಇಟ್ಟರು. ಆಮೇಲೆ ಅದರ ಮುಖ ಹಿಡಿದುಕೊಂಡು, ‘ಎಲ್ಲೆಲ್ಲಿ ಮಲ್ಗಿದ್ಯೇ? ಯಾರ ಮನೆ ಅವರೆ ತಿಂದ್ಯೇ?’ ಅಂತ ಒಂದೇ ಸಮನೆ ಕೇಳುತ್ತಿದ್ದರು. ನಾನು ಏಳು ವರ್ಷದವಳು, ಪಕ್ಕದಲ್ಲಿ ನಿಂತಿದ್ದೆ. ಉತ್ತರ ಬರುತ್ತದೆ ಅಂತಲೇ ಕಾದಿದ್ದೆ. ಅಜ್ಜ ಏನೂ ಮಾತಾಡದೆ ದುಡ್ಡು ವಾಪಸ್ ಕೊಟ್ಟು ಬಂದರು.

ಆಮೇಲೆ ಹೊಸನಗರದ ಕಡೆ ಬಸ್ಸಿನಲ್ಲಿ ಹೋದಾಗಲೆಲ್ಲಾ ಅಜ್ಜಿ ಕಿಟಕಿಯಿಂದ ತೋರಿಸುತ್ತಿದ್ದರು. ‘ಈ ಗುಡ್ಡದ ಮೇಲಿಂದ ಬಂದಿರ್ಬೇಕು.’ ‘ಈ ಮನೆ ನೋಡು, ಬೇಲಿ ಸರಿ ಇಲ್ಲ, ಅವರೆ ಇಲ್ಲಿದ್ದೇ.’ ಪ್ರತಿ ಸಲ ಮನೆ ಬದಲಾಗುತ್ತಿತ್ತು.

ಅದಕ್ಕೇ ನನಗೆ ಬಿಲ್ ನಡೆದ ದಾರಿ ಬೇಕು. ಅದು ಯಾವ ಬಂಡೆ ಕೆಳಗೆ ಮಲಗಿತು, ಹಿಮದ ಕೆಳಗಿನ ಹುಲ್ಲನ್ನು ಹೇಗೆ ಕೆದಕಿ ತಿಂದಿತು, ತೋಳ ಕೂಗಿದಾಗ ಏನು ಮಾಡಿತು. ಗ್ಯಾಂಡಾಲ್ಫ್‌ನ ಮಾತು ಅದನ್ನು ನಿಜವಾಗಿ ಕಾಯಿತೋ, ಅಥವಾ ಬರೀ ಅದರ ಹಠವೋ? ಮನುಷ್ಯರು ಇಲ್ಲದ, ಮಾತಿಲ್ಲದ ಇಪ್ಪತ್ತು ಪುಟ. ಟೋಲ್ಕಿನ್ ಮನಸ್ಸು ಮಾಡಿದ್ದರೆ ಬರೆಯುತ್ತಿದ್ದರು. ಒಂದು ನರಿಯ ಮನಸ್ಸಿನೊಳಗೂ ಅರೆಗಳಿಗೆ ಹೊಕ್ಕು ಬಂದವರು ಅವರು.

ಎರಡನೇ ಸೀನು ಒಂದು ಕೊಡೆಯದು.

ಲೊಬೀಲಿಯಾ ಅಂತ ಒಬ್ಬಳು ಮುದುಕಿ ಇದ್ದಾಳೆ. ಫ್ರೋಡೋನ ಮನೆ ಮೇಲೆ ಕಣ್ಣು ಹಾಕಿರುವ ಸಂಬಂಧಿಕಳು. ಪ್ರತಿ ಮನೆತನದಲ್ಲೂ ಒಬ್ಬರು ಇರುತ್ತಾರೆ, ಪಾಲಿನ ಹೊತ್ತಿಗೆ ಚಮಚ ಎಣಿಸುವವರು. ಇಲ್ಲಿ ನಿಜವಾಗಿಯೂ ಚಮಚದ ವಿಷಯವೇ. ಫ್ರೋಡೋನನ್ನು ಸಾಕಿದ ಬಿಲ್ಬೋ ಊರು ಬಿಡುವಾಗ ಅವಳಿಗೆ ಬೆಳ್ಳಿ ಚಮಚದ ಪೆಟ್ಟಿಗೆ ಉಡುಗೊರೆ ಕೊಟ್ಟು ಹೋಗುತ್ತಾನೆ, ಏಕೆಂದರೆ ಹಿಂದೆ ಅವಳು ಕದ್ದಿದ್ದಳು ಅಂತ ಅವನಿಗೆ ಅನುಮಾನ. ಮರುದಿನ ಅವಳು ಮನೆಯೆಲ್ಲಾ ತಡಕಾಡಿ ಹೊರಡುವಾಗ ಅವಳ ಕೊಡೆಯೊಳಗೆ ಅದು ಹೇಗೋ ಕೆಲವು ಬೆಲೆಬಾಳುವ ಸಾಮಾನು ಬಿದ್ದಿರುತ್ತವೆ! ಓದಿ ನಗುತ್ತೇವೆ.

ಅದೇ ಕೊಡೆ ಕೊನೆಯಲ್ಲಿ ಮತ್ತೆ ಬರುತ್ತದೆ. ಇವರು ಊರಲ್ಲಿ ಇಲ್ಲದಾಗ ಪುಂಡರು ಶೈರ್ ಹಿಡಿದು, ಮರ ಕಡಿದು, ಎಲ್ಲಾ ಹಾಳು ಮಾಡಿರುತ್ತಾರೆ. ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದಾಗ ಈ ಮುದುಕಿ ತನ್ನ ಎರಡರಷ್ಟು ಎತ್ತರದ ಪುಂಡನ ಮೇಲೆ ಕೊಡೆ ಎತ್ತಿಕೊಂಡು ಹೋಗುತ್ತಾಳೆ. ಅವಳನ್ನು ಎಳೆದು ಸೆರೆಗೆ ಹಾಕುತ್ತಾರೆ. ಇದೂ ನಮಗೆ ನೇರ ಕಾಣುವುದಿಲ್ಲ, ಒಬ್ಬ ಹುಡುಗ ಐದಾರು ಸಾಲಿನಲ್ಲಿ ಹೇಳುತ್ತಾನೆ. 2001ರಿಂದ 2003ರವರೆಗೆ ಬಂದ ಸಿನಿಮಾಗಳಲ್ಲಂತೂ ಊರು ಹಾಳಾದ ಈ ಇಡೀ ಅಧ್ಯಾಯವೇ ಇಲ್ಲ. ಅದಕ್ಕೆ ನನ್ನ ಕ್ಷಮೆ ಇಲ್ಲ. ಶರಾವತಿಯಲ್ಲಿ ಮನೆ, ಗದ್ದೆ ಮುಳುಗಿಸಿಕೊಂಡು ಎದ್ದು ಬಂದವರ ಮಕ್ಕಳು ಈ ಜಿಲ್ಲೆ ತುಂಬ ಇದ್ದಾರೆ. ದೂರದ ಯುದ್ಧ ಗೆದ್ದು ಬಂದರೂ ಊರು ಊರಾಗಿ ಉಳಿದಿಲ್ಲ ಅನ್ನುವ ಸಂಗತಿ ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಸೆರೆಯಿಂದ ಹೊರಗೆ ಬರುವಾಗ ಅವಳು ಫ್ರೋಡೋನ ತೋಳು ಹಿಡಿದಿದ್ದಾಳೆ, ಇನ್ನೊಂದು ಕೈಯಲ್ಲಿ ಅದೇ ಕೊಡೆ. ಜನ ಚಪ್ಪಾಳೆ ಹೊಡೆಯುತ್ತಾರೆ. ಜೀವನದಲ್ಲೇ ಮೊದಲ ಸಲ ಊರಿಗೆ ಅವಳು ಬೇಕಾದವಳಾಗಿದ್ದಾಳೆ. ಮಗ ಸತ್ತ ಸುದ್ದಿ ಕೇಳಿ ಕುಸಿದು ತವರಿಗೆ ಹೋಗುತ್ತಾಳೆ, ಮುಂದಿನ ವಸಂತದಲ್ಲಿ ಸಾಯುತ್ತಾಳೆ. ಮನೆ ಕಳೆದುಕೊಂಡವರಿಗೆ ಖರ್ಚು ಮಾಡು ಅಂತ ಇದ್ದ ದುಡ್ಡನ್ನೆಲ್ಲಾ ಫ್ರೋಡೋನಿಗೆ ಬಿಟ್ಟಿರುತ್ತಾಳೆ.

ನನಗೆ ಬೇಕಾದ್ದು ಆ ಸೆರೆಮನೆಯ ಒಂದು ರಾತ್ರಿ. ನೂರು ದಾಟಿದ ಮುದುಕಿ ಕತ್ತಲಲ್ಲಿ ಕೊಡೆ ತಬ್ಬಿಕೊಂಡು ಏನು ಯೋಚಿಸಿದಳು? ಪುಂಡರನ್ನು ಊರಿಗೆ ಬಿಟ್ಟುಕೊಂಡವನು ತನ್ನ ಮಗನೇ ಅಂತ ಅವಳಿಗೆ ಗೊತ್ತಿತ್ತಲ್ಲ. ಕೆಟ್ಟ ಮುದುಕಿಗೂ ಒಂದು ಒಡಲು ಇರುತ್ತದೆ ಅಂತ ಬರೆಯುವುದು ನಮಗೆ ಹೊಸದಲ್ಲ. ನಮ್ಮ ಪಕ್ಕದ ಕುಪ್ಪಳಿಯ ಕುವೆಂಪು 1949ರಲ್ಲೇ ಮಂಥರೆಯನ್ನು ‘ಮಮತೆಯ ಸುಳಿ’ ಅಂದವರು.

‘ನೀನು ಬರೀ ಮುದುಕಿಯರದ್ದೇ ಹಿಡ್ಕೊಂಡೆ’ ಅಂದ ಅಕ್ಕನ ಮಗ. ಸರಿ, ಇಬ್ಬರು ಮುದುಕರದ್ದೂ ಹೇಳುತ್ತೇನೆ.

ವಾಪಸ್ ಬರುವ ದಾರಿಯಲ್ಲಿ ಗ್ಯಾಂಡಾಲ್ಫ್ ಹುಡುಗರನ್ನು ಊರಿನ ಕಡೆ ಕಳಿಸಿ, ತಾನು ಕಾಡಿನಲ್ಲಿ ಇರುವ ಟಾಮ್ ಬಾಂಬಡಿಲ್ ಎಂಬ ಇನ್ನೊಬ್ಬ ಮುದುಕನ ಹತ್ತಿರ ಹೋಗುತ್ತಾನೆ. ಇಷ್ಟು ವರ್ಷದಲ್ಲಿ ಆಡದಷ್ಟು ಮಾತು ಆಡುವುದಿದೆ ಅಂತಾನೆ. ಆ ಮಾತು ಏನು ಅಂತ ಒಂದು ಸಾಲೂ ಇಲ್ಲ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಸಹಿಸಲು ಆಗುವ ಸಂಗತಿಯೇ? ನಮ್ಮಲ್ಲಿ ಭಾಗವತರು ನಾಲ್ಕು ಸಾಲು ಪದ್ಯ ಹಾಡಿ ನಿಲ್ಲಿಸಿದರೆ ಅರ್ಥಧಾರಿಗಳು ಅದರ ಮೇಲೆ ಮುಕ್ಕಾಲು ಗಂಟೆ ಮಾತಾಡುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಕೂತು ಮಾತು. ವಾಲಿ ಸಾಯುತ್ತಾ ರಾಮನನ್ನು ಎಷ್ಟು ಹೊತ್ತು ಪ್ರಶ್ನೆ ಕೇಳುತ್ತಾನೆ ಅನ್ನುವುದು ಅವತ್ತಿನ ಅರ್ಥಧಾರಿಗೆ ಬಿಟ್ಟಿದ್ದು. ಪುಸ್ತಕದಲ್ಲಿ ಇಲ್ಲದ ಸೀನು ಬೇಕು ಅನ್ನುವುದು ಮಕ್ಕಳ ಹಠ ಅಂತ ಕೆಲವರು ಮೂಗು ಮುರಿಯುತ್ತಾರೆ. ನಾವು ರಾತ್ರಿಯಿಡೀ ಚಾಪೆ ಮೇಲೆ ಕೂತು ಕೇಳಿದ್ದು ಮತ್ತೇನು?

ಅಲ್ಲದೆ ಬಾಂಬಡಿಲ್ ಜಗತ್ತಿನ ಉಂಗುರಕ್ಕೆಲ್ಲಾ ಕೇರ್ ಮಾಡದ ಆಸಾಮಿ. ನಾವು ಮಾಡಿದ್ದರಲ್ಲಿ ಅವನಿಗೆ ಆಸಕ್ತಿ ಇರಲಾರದು, ಎಂಟ್‌ಗಳನ್ನು ನೋಡಿ ಬಂದೆವಲ್ಲ, ಅದೊಂದು ಬಿಟ್ಟು ಅಂತ ಗ್ಯಾಂಡಾಲ್ಫ್ ತಾನೇ ಹೇಳುತ್ತಾನೆ. ಹಾಗಾದರೆ ಆ ಜಗಲಿ ಮಾತು ಎಲ್ಲಿಗೆ ಹೋಗಿರಬೇಕು ಅಂತ ನನಗೆ ಅಂದಾಜಿದೆ. ಎಂಟ್‌ಗಳ ಹೆಂಡತಿಯರ ವಿಷಯಕ್ಕೆ.

ಎಂಟ್‌ಗಳಿಗೆ ಕಾಡು ಇಷ್ಟ, ಮರ ತಾನಾಗಿ ಉದುರಿಸಿದ ಹಣ್ಣು ಸಾಕು. ಹೆಂಡತಿಯರಿಗೆ ತೋಟ ಬೇಕು, ಗಿಡ ತಮ್ಮ ಮಾತು ಕೇಳಬೇಕು, ಫಸಲು ಬರಬೇಕು. ಅವರು ನದಿ ದಾಟಿ ಹೋಗಿ ತೋಟ ಮಾಡಿಕೊಂಡರು. ಯುದ್ಧದಲ್ಲಿ ತೋಟ ಸುಟ್ಟು ಬಯಲಾಯಿತು, ಅವರೂ ಕಾಣೆಯಾದರು. ಎಂಟ್‌ಗಳ ಹಿರಿಯ ಟ್ರೀಬಿಯರ್ಡ್ ಸಿಕ್ಕಿದವರನ್ನೆಲ್ಲಾ ಕೇಳುತ್ತಾನೆ, ನಿಮ್ಮ ಕಡೆ ಎಲ್ಲಾದರೂ ನೋಡಿದಿರಾ ಅಂತ.

ಕಾಲೇಜಿನಲ್ಲಿದ್ದಾಗ ಇವರೆಲ್ಲಾ ಮತ್ತೆ ಸೇರುವ ಸೀನ್ ಬೇಕು ಅಂತ ಅತ್ತಿದ್ದೆ. ಈಗ ಬೇಡ. ಅವರು ಇಲ್ಲವಾಗಿರಬೇಕು ಅಂತ ಟೋಲ್ಕಿನ್ 1954ರ ಒಂದು ಕಾಗದದಲ್ಲಿ ಬರೆದಿದ್ದಾರೆ. ಆ ಕಾಗದ ಇಲ್ಲದಿದ್ದರೂ ನನಗೆ ಬೇಡವಾಗಿತ್ತು. ಸೇರಿಸಿಬಿಟ್ಟರೆ ಆ ಮರಮುದುಕ ಕೇಳುವುದು ನಿಲ್ಲಿಸುತ್ತಾನೆ. ಬೇಕಾದ್ದು ಮೊದಲ ಜಗಳ. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವಳಿಗೆ ಅದರ ಎರಡೂ ಪಕ್ಷ ಗೊತ್ತು. ನಮ್ಮಲ್ಲಿ ತೋಟದ ಮೇಲೆ ಸೊಪ್ಪಿನ ಬೆಟ್ಟ ಇರುತ್ತದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಬೆಟ್ಟ ಬೋಳಾದರೆ ತೋಟವೂ ಸೊರಗುತ್ತದೆ. ಆದರೂ ಮನೆಯಲ್ಲಿ ಜಗಳ ತಪ್ಪುವುದಿಲ್ಲ, ಒಬ್ಬರಿಗೆ ಬೆಟ್ಟ ಹಾಗೇ ಇರಲಿ, ಇನ್ನೊಬ್ಬರಿಗೆ ಅಲ್ಲೂ ಇನ್ನೊಂದು ಐನೂರು ಸಸಿ ಇಡೋಣ. ಎಂಟ್ ಮತ್ತು ಅವನ ಹೆಂಡತಿ ಹಾಗೆ ನಿಧಾನವಾಗಿ, ಒಂದೊಂದು ಮಾತಿಗೆ ಒಂದೊಂದು ಮಳೆಗಾಲ ಹಿಡಿದು ಜಗಳ ಆಡುವುದನ್ನು ಯಾರಾದರೂ ಬರೆದಿದ್ದರೆ!

ಇನ್ನೊಂದು ವಿಷಯ. ಟೋಲ್ಕಿನ್ ನಿಜವಾಗಿಯೂ ಒಂದು ಕೊನೆಯ ಅಧ್ಯಾಯ ಬರೆದು ಬಿಟ್ಟುಬಿಟ್ಟಿದ್ದರು. ಸ್ಯಾಮ್ ಮಕ್ಕಳಿಗೆ ಕಥೆ ಓದಿ ಹೇಳುತ್ತಾ ಅವರ ಪ್ರಶ್ನೆಗಳಿಗೆ ಉತ್ತರ ಕೊಡುವುದು. ಟೋಲ್ಕಿನ್ ಅವರ ಮಗ ಅದನ್ನು 1992ರಲ್ಲಿ ಪ್ರಕಟಿಸಿದರು. ಓದಿದೆ, ಮುದ್ದಾಗಿದೆ, ಬಿಟ್ಟಿದ್ದೇ ಸರಿ. ಈಗಿರುವ ಪುಸ್ತಕದ ಕೊನೆಯಲ್ಲಿ ಸ್ಯಾಮ್ ಮನೆಗೆ ಬಂದು ಕೂತು, ಬಂದೆ ಅಂತ ಹೇಳಿದ ಮೇಲೆ ಇನ್ನೇನು ಹೇಳುವುದಿದೆ.

ಮೊನ್ನೆ ಅವನನ್ನು ಬಸ್ಸು ಹತ್ತಿಸಲು ತೀರ್ಥಹಳ್ಳಿಗೆ ಹೋಗಿದ್ದೆ. ತುಂಗೆ ಕೆಂಪಾಗಿ, ತುಂಬಿ ಹರಿಯುತ್ತಿದ್ದಳು. ಸೇತುವೆ ಮೇಲೆ ಹೋಗುವಾಗ ಅವನು ಕೇಳಿದ, ‘ಚಿಕ್ಕಮ್ಮ, ಕೆಂಪಿ ಬಂದಿದ್ದು ಮಳೆಗಾಲದಲ್ಲಾ?’

‘ಹೌದು ಮತ್ತೆ. ಉಂಬಳ ಇತ್ತಲ್ಲ.’

‘ಹಾಗಾದ್ರೆ ಹೊಳೆ ತುಂಬಿರುತ್ತಲ್ಲ. ಹೆಂಗೆ ದಾಟ್ತು?’

ಅಜ್ಜಿ ಒಂದು ಸಲ ಈಜಿಕೊಂಡು ಬಂತು ಅನ್ನುತ್ತಿದ್ದರು. ಇನ್ನೊಂದು ಸಲ, ದೋಣಿಯವನಿಗೆ ಪಾಪ ಅನ್ನಿಸಿ ಹತ್ತಿಸಿಕೊಂಡಿರಬೇಕು ಅನ್ನುತ್ತಿದ್ದರು. ಎರಡನ್ನೂ ಹೇಳಿದೆ. ಅವನು ದೋಣಿಯದ್ದೇ ಇರಬೇಕು ಅಂದ.