ಸತ್ತ ಮೇಲೂ ಏರುವ ಸರಾಸರಿ

ಟೆಡ್ ಸಿಮನ್ಸ್ 1988ರಲ್ಲಿ ಬೇಸ್‌ಬಾಲ್ ಆಡುವುದನ್ನು ನಿಲ್ಲಿಸಿದರು. ಅವರ ಆಟ ಸುಧಾರಿಸಿದ್ದು ಆಮೇಲೆ.

ನಂಬದಿದ್ದರೆ ದಾಖಲೆ ನೋಡಿ. 1994ರಲ್ಲಿ, ಶ್ರೇಷ್ಠ ಆಟಗಾರರಿಗೆ ಗೌರವ ಕೊಡುವ ಅಮೆರಿಕದ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಬಂದಾಗ ಪತ್ರಕರ್ತರಿಂದ ಸಿಕ್ಕಿದ್ದು ಶೇ. 3.7 ಮತ. ಶೇ. 5 ಕೂಡ ದಾಟದವರ ಹೆಸರನ್ನು ಮುಂದಿನ ವರ್ಷದ ಪಟ್ಟಿಯಿಂದಲೇ ತೆಗೆದುಹಾಕುತ್ತಾರೆ. ಠೇವಣಿ ಕಳೆದುಕೊಂಡ ಪಕ್ಷೇತರ ಅಭ್ಯರ್ಥಿಯ ಹಾಗೆ ಸಿಮನ್ಸ್ ಮನೆಗೆ ಹೋದರು. 2019ರ ಡಿಸೆಂಬರ್‌ನಲ್ಲಿ 16 ಜನರ ಇನ್ನೊಂದು ಸಮಿತಿ ಕೂತಿತು. ಅದರಲ್ಲಿ 13 ಜನಕ್ಕೆ ಅದೇ ಸಿಮನ್ಸ್ ಅಮರರು ಅನ್ನಿಸಿತು. ಸಿಮನ್ಸ್ ಯೋಗ್ಯರೇ, ನನ್ನ ತಕರಾರಿಲ್ಲ. ಆದರೆ ಚೆಂಡು ಬಾರಿಸಿ ಬೇಸ್ ಮುಟ್ಟಿದ ಅವರ 2,472 ಹಿಟ್‌ಗಳು 1994ರಲ್ಲೂ 2,472 ಆಗಿಯೇ ಇದ್ದವು.

ಸಿಮನ್ಸ್ ಕ್ಯಾಚರ್ ಆಗಿದ್ದವರು. ನಮ್ಮ ಲೆಕ್ಕದಲ್ಲಿ ವಿಕೆಟ್ ಕೀಪರ್ ಅನ್ನಿ, ಆದರೆ ಪಂದ್ಯವಿಡೀ ಕುಕ್ಕರುಗಾಲಲ್ಲಿ ಕೂರುವ ಕೀಪರ್. ಮುಖಕ್ಕೆ ಜಾಲರಿ, ಎದೆಗೆ ಕವಚ, ಕಾಲಿಗೆ ಗಟ್ಟಿ ಪ್ಯಾಡು. ಪಿಚರ್, ಅಂದರೆ ನಮ್ಮ ಬೌಲರ್, ಯಾವ ಚೆಂಡು ಎಸೆಯಬೇಕು ಅಂತ ಬೆರಳಲ್ಲಿ ಸನ್ನೆ ಮಾಡಬೇಕು. ಬೇಸ್ ಕದಿಯಲು ಓಡುವವನನ್ನು ಎದ್ದು ಎಸೆದು ಔಟ್ ಮಾಡಬೇಕು. ಸರಿ ಎಸೆತ ಅನ್ನಿಸಿಕೊಳ್ಳಲು ಚೆಂಡು ಹಾಯಬೇಕಾದ ಕಾಲ್ಪನಿಕ ಚೌಕದ ಗೆರೆ ಆಚೆ ಬಿದ್ದ ಚೆಂಡನ್ನು ಮೆಲ್ಲಗೆ ಗೆರೆ ಒಳಗೆ ಎಳೆದುಕೊಂಡು, ಬೆನ್ನ ಹಿಂದೆ ನಿಂತ ಅಂಪೈರ್ ಕಣ್ಣಿಗೆ ಮಣ್ಣೆರಚಬೇಕು. ಈ ಕಣ್ಕಟ್ಟಿನ ಸರಿಯಾದ ಲೆಕ್ಕ ಸಿಗತೊಡಗಿದ್ದು ಮೈದಾನಕ್ಕೆ ಕ್ಯಾಮೆರಾ ಅಳತೆ ಬಂದ ಮೇಲೆ, ಅಂದರೆ 2008ರ ಆಸುಪಾಸಿನಲ್ಲಿ. ಅದಕ್ಕೂ ಮೊದಲು ಆಡಿದವರ ಲೆಕ್ಕ? ಅದನ್ನು ಅಭಿಮಾನಿಗಳು ಅಂದಾಜಿನಲ್ಲೇ ಹೇಳುತ್ತಾರೆ, ದಶಮಾಂಶದ ಸಮೇತ.

ಸಾರ್ವಕಾಲಿಕ ಶ್ರೇಷ್ಠ ಕ್ಯಾಚರ್ ಯಾರು ಅನ್ನುವ ಜಗಳ ಮುಗಿಯದೇ ಇರುವುದಕ್ಕೆ ಇದೇ ಕಾರಣ. ಲೆಕ್ಕಕ್ಕೆ ಸಿಗದ ಕೆಲಸ ಮಾಡಿದವನ ಬಗ್ಗೆ ಯಾರು ಏನು ಬೇಕಾದರೂ ಹೇಳಬಹುದು ಅಲ್ವಾ? ಸಿನ್ಸಿನಾಟಿಯವರಿಗೆ ಜಾನಿ ಬೆಂಚ್, ಶ್ರೇಷ್ಠ ಫೀಲ್ಡರ್‌ಗೆ ಕೊಡುವ ಸತತ 10 ಗೋಲ್ಡ್ ಗ್ಲೌವ್. ನ್ಯೂಯಾರ್ಕಿನವರಿಗೆ ಯೋಗಿ ಬೆರಾ, 10 ವಿಶ್ವ ಸರಣಿ (ವರ್ಷದ ಫೈನಲ್) ಗೆಲುವು, ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರ. ಬ್ರೂಕ್ಲಿನ್ನಿನ ಅಜ್ಜಂದಿರಿಗೆ ರಾಯ್ ಕ್ಯಾಂಪನೆಲ್ಲಾ, ಅವರೂ ಮೂರು ಸಲ. ಅದಕ್ಕಿಂತ ಹಳಬರು ಮಿಕ್ಕಿ ಕಾಕ್ರೇನ್ ಹೆಸರು ಹೇಳಿ ಎದ್ದು ಹೋಗುತ್ತಾರೆ. ಅವರ ಜೊತೆ ವಾದ ಮಾಡೋಕಾಗಲ್ಲ, ಯಾಕೆಂದರೆ ಕಾಕ್ರೇನ್ ಆಡಿದ್ದನ್ನು ನೋಡಿದವರು ಉಳಿದಿಲ್ಲ. ಹೇಳುವವರೂ ನೋಡಿಲ್ಲ.

1969ರಲ್ಲಿ ವೃತ್ತಿಪರ ಬೇಸ್‌ಬಾಲ್‌ಗೆ ನೂರು ತುಂಬಿತು. ಸಾರ್ವಕಾಲಿಕ ತಂಡ ಕಟ್ಟಿದರು, ಕ್ಯಾಚರ್ ಜಾಗ ಕಾಕ್ರೇನ್‌ಗೆ ಹೋಯಿತು. ಬೆಂಚ್‌ಗೆ ಆಗಿನ್ನೂ 21 ವರ್ಷ. ಮರುವರ್ಷವೇ ಅವರು ಲೀಗಿನ ಅತ್ಯುತ್ತಮ ಆಟಗಾರ. ಸಾರ್ವಕಾಲಿಕ ತಂಡವನ್ನು ಇನ್ನೂ ಒಂದು ವರ್ಷ ತಡೆದು ಪ್ರಕಟಿಸಬೇಕಿತ್ತು ಅಂತ ಯಾರಿಗೂ ಹೊಳೆಯಲಿಲ್ಲ. ಅದೇ ಸಂಭ್ರಮದಲ್ಲಿ ಜೋ ಡಿಮ್ಯಾಜಿಯೊಗೆ ‘ಬದುಕಿರುವವರಲ್ಲಿ ಶ್ರೇಷ್ಠ ಆಟಗಾರ’ ಅನ್ನುವ ಬಿರುದು ಕೊಟ್ಟರು. ವಿಲ್ಲಿ ಮೇಸ್ ಆಗ ಬದುಕಿದ್ದಷ್ಟೇ ಅಲ್ಲ, ಮೈದಾನದಲ್ಲಿ ಆಡುತ್ತಲೇ ಇದ್ದರು. ಡಿಮ್ಯಾಜಿಯೊ ಮುಂದಿನ 30 ವರ್ಷ, ಅಂದರೆ ಸಾಯುವವರೆಗೆ, ಎಲ್ಲೇ ಕಾರ್ಯಕ್ರಮಕ್ಕೆ ಹೋದರೂ ಅದೇ ಬಿರುದು ಹೇಳಿ ಪರಿಚಯಿಸಬೇಕು ಅಂತ ಪಟ್ಟು ಹಿಡಿಯುತ್ತಿದ್ದರಂತೆ. ನಮ್ಮಲ್ಲಿ ಗೌರವ ಡಾಕ್ಟರೇಟ್ ಸಿಕ್ಕವರು ನಾಮಫಲಕ ಬದಲಿಸುವುದನ್ನು ನೋಡಿದವರಿಗೆ ಇದೇನು ಹೊಸದಲ್ಲ.

ಈ ಜಗಳದಲ್ಲಿ ಪಾಪ ಅನ್ನಿಸುವ ಒಬ್ಬರು ಥರ್ಮನ್ ಮನ್ಸನ್. 1976ರ ವಿಶ್ವ ಸರಣಿಯಲ್ಲಿ ಅವರ ಯಾಂಕೀಸ್ ತಂಡ ಸಿನ್ಸಿನಾಟಿ ಎದುರು 4-0 ಸೋತಿತು. ಮನ್ಸನ್ ಮಾತ್ರ 17 ಅವಕಾಶದಲ್ಲಿ 9 ಹಿಟ್ ಹೊಡೆದಿದ್ದರು. ಬೇಸ್‌ಬಾಲ್‌ನಲ್ಲಿ ಹತ್ತಕ್ಕೆ ಮೂರು ಹೊಡೆದವನೇ ದೊಡ್ಡ ಬ್ಯಾಟರ್ ಅನ್ನುವುದು ನೆನಪಿರಲಿ. ಪಂದ್ಯ ಮುಗಿದ ಮೇಲೆ ಸುದ್ದಿಗೋಷ್ಠಿ. ಬೆಂಚ್ ಮತ್ತು ಮನ್ಸನ್ ಅವರನ್ನು ಹೋಲಿಸಿ ಅಂತ ಸಿನ್ಸಿನಾಟಿ ಮ್ಯಾನೇಜರ್ ಸ್ಪಾರ್ಕಿ ಆ್ಯಂಡರ್ಸನ್‌ಗೆ ಯಾರೋ ಕೇಳಿದರು. ಬೆಂಚ್ ಜೊತೆ ಹೋಲಿಸಿ ಯಾರನ್ನೂ ಮುಜುಗರಕ್ಕೆ ಸಿಕ್ಕಿಸಬೇಡಿ ಅಂದುಬಿಟ್ಟರು ಸ್ಪಾರ್ಕಿ. ಮನ್ಸನ್ ತಮ್ಮ ಸರದಿಗೆ ಕಾಯುತ್ತಾ ಅಲ್ಲೇ ನಿಂತಿದ್ದರು. ಆ ಸರಣಿಯಲ್ಲಿ ಬೆಂಚ್ ಹೊಡೆದದ್ದು 15ಕ್ಕೆ 8. ಮುಜುಗರದ ಅಂತರ ಎಷ್ಟು ಅಂತ ನೀವೇ ಭಾಗಾಕಾರ ಮಾಡಿ.

ಇನ್ನು ಮತ ಹಾಕುವ ಪತ್ರಕರ್ತರ ವಿಷಯ. 1936ರ ಮೊದಲ ಚುನಾವಣೆಯಲ್ಲಿ ಆಟದ ದಂತಕಥೆ ಬೇಬ್ ರೂತ್‌ಗೆ 226ರಲ್ಲಿ 215 ಮತ. ಉಳಿದ 11 ಮಂದಿ ಯಾವ ಆಟ ನೋಡುತ್ತಿದ್ದರೋ! ಆಮೇಲೆ ಅದೇ ಒಂದು ಸಂಪ್ರದಾಯವಾಯಿತು. ರೂತ್‌ಗೇ ಪೂರ್ತಿ ಮತ ಬಿದ್ದಿಲ್ಲ, ಇವನ್ಯಾರು? ಹೀಗಾಗಿ 2019ರವರೆಗೆ ಒಬ್ಬರೂ ಸರ್ವಾನುಮತದಿಂದ ಒಳಗೆ ಹೋಗಲಿಲ್ಲ. 10 ವಿಶ್ವ ಸರಣಿ ಗೆದ್ದ ಯೋಗಿ ಬೆರಾ 1971ರಲ್ಲಿ ಸೋತು, 1972ರಲ್ಲಿ ಗೆದ್ದರು. ಆ ಒಂದು ವರ್ಷದಲ್ಲಿ ಏನು ಕಲಿತರೋ ಗೊತ್ತಿಲ್ಲ.

ಪತ್ರಕರ್ತರು ಬಿಟ್ಟವರನ್ನು ಎತ್ತಿಕೊಳ್ಳಲು ವೆಟರನ್ಸ್ ಕಮಿಟಿ ಅಂತ ಒಂದಿತ್ತು. ಹಳೆ ಆಟಗಾರರೂ ಅವರ ಗೆಳೆಯರೂ ಕೂತು ಹಳೆ ಆಟಗಾರರನ್ನು ಆರಿಸುವ ವ್ಯವಸ್ಥೆ. 1970ರ ಹೊತ್ತಿಗೆ ಫ್ರಾಂಕಿ ಫ್ರಿಷ್ ಅದರಲ್ಲಿದ್ದರು. ಅವರು ಆಡಿದ್ದು ನ್ಯೂಯಾರ್ಕ್ ಜೈಂಟ್ಸ್ ಮತ್ತು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಗಳಲ್ಲಿ. ನೋಡನೋಡುತ್ತಿದ್ದಂತೆ ಜೆಸ್ಸಿ ಹೇನ್ಸ್, ಚಿಕ್ ಹೇಫಿ, ಡೇವ್ ಬ್ಯಾಂಕ್ರಾಫ್ಟ್, ರಾಸ್ ಯಂಗ್ಸ್, ಜಾರ್ಜ್ ಕೆಲ್ಲಿ ಒಳಗೆ ಬಂದರು. ಎಲ್ಲರೂ ಆ ಎರಡು ತಂಡದವರೇ. ಸಹಕಾರ ಸಂಘದ ಚುನಾವಣೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಬಾಗಿಲಿಂದ ಬಂದ ಕ್ಯಾಚರ್‌ಗಳಲ್ಲಿ ರೇ ಶಾಕ್ ಒಬ್ಬರು. 18 ಸೀಸನ್, 11 ಹೋಮ್ ರನ್ (ನಮ್ಮ ಸಿಕ್ಸರ್ ಅನ್ನಿ), ಸರಾಸರಿ 0.253, ಅಂದರೆ ಸಾವಿರ ಅವಕಾಶಕ್ಕೆ 253 ಹಿಟ್. ಅವರ ಕೀಪಿಂಗ್ ಚೆನ್ನಾಗಿತ್ತು, ಒಪ್ಪೋಣ. ಆದರೆ ಅವರ ಹೆಸರು ಜಾಸ್ತಿ ಕೇಳಿಬರುವುದು 1919ರ ಕಥೆಯಲ್ಲಿ. ಅವರ ಶಿಕಾಗೊ ತಂಡದ ಎಂಟು ಮಂದಿಯ ಮೇಲೆ ಹಣ ತಿಂದು ವಿಶ್ವ ಸರಣಿ ಸೋತ ಆರೋಪ ಬಂದು, ಎಂಟೂ ಜನ ಆಟದಿಂದಲೇ ಹೊರಬಿದ್ದರು. ಶಾಕ್ ಹಣ ಮುಟ್ಟಿರಲಿಲ್ಲ. ಲಂಚ ಮುಟ್ಟದಿದ್ದರೆ ಪ್ರತಿಮೆ ಸಿಗುತ್ತದೆ ಅನ್ನುವುದಾದರೆ ನಮ್ಮ ಕಚೇರಿಗಳಲ್ಲೂ ಒಂದಿಬ್ಬರು ಅರ್ಹರು ಸಿಕ್ಕಾರು.

1984ರಲ್ಲಿ ಬಂದವರು ರಿಕ್ ಫೆರೆಲ್. 18 ಸೀಸನ್ ಆಡಿದ ಈ ಕ್ಯಾಚರ್ ಹೊಡೆದ ಹೋಮ್ ರನ್ 28. ಅವರ ತಮ್ಮ ವೆಸ್ ಫೆರೆಲ್ ಪಿಚರ್. ಪಿಚರ್‌ಗಳಿಗೆ ಬ್ಯಾಟ್ ಹಿಡಿಯೋಕೆ ಬಾರದು ಅನ್ನುವುದು ಆಟದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ತಮ್ಮ ಹೊಡೆದದ್ದು 38. 1931ರಲ್ಲಿ ಒಮ್ಮೆ ಅಣ್ಣನ ತಂಡದ ಎದುರೇ ತಮ್ಮ ಪಿಚ್ ಮಾಡುತ್ತಿದ್ದರು, ಒಂದೂ ಹಿಟ್ ಕೊಟ್ಟಿರಲಿಲ್ಲ. ಅಣ್ಣ ಒಂದು ಚೆಂಡು ಬಾರಿಸಿದರು. ಅದು ಹಿಟ್ ಅಲ್ಲ, ಫೀಲ್ಡರ್ ತಪ್ಪು ಅಂತ ಲೆಕ್ಕ ಬರೆಯುವವರು ತೀರ್ಮಾನಿಸಿದರು. ತಮ್ಮನ ದಾಖಲೆ ಉಳಿಯಿತು. ಹಾಲ್ ಆಫ್ ಫೇಮ್ ಮಾತ್ರ ಅಣ್ಣನಿಗೇ ಸಿಕ್ಕಿತು. ಮನೆಯಲ್ಲಿ ಹಬ್ಬದ ಊಟ ಹೇಗಿರುತ್ತಿತ್ತೋ.

ರಾಜರ್ ಬ್ರೆಸ್ನಹನ್ ಕೂಡ ಇದ್ದಾರೆ. ಐರ್ಲೆಂಡಿನ ಟ್ರಾಲಿಯ ಡ್ಯೂಕ್ ಅಂತ ಅವರನ್ನು ಕರೆಯುತ್ತಿದ್ದರು. ಹುಟ್ಟಿದ್ದು ಅಮೆರಿಕದ ಓಹಾಯೊದಲ್ಲಿ. 1907ರಲ್ಲಿ ಕ್ರಿಕೆಟ್ಟಿನವರ ಹಾಗೆ ಕಾಲಿಗೆ ಪ್ಯಾಡ್ ಕಟ್ಟಿಕೊಂಡು ಮೈದಾನಕ್ಕೆ ಬಂದಾಗ ಜನ ಗೇಲಿ ಮಾಡಿದರು. 1944ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕೆಲವೇ ತಿಂಗಳಲ್ಲಿ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು.

ಹುಟ್ಟೂರಿನ ಮಾತು ಬಂತು. ಈ ಹಾಲ್ ಇರುವುದು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಲ್ಲಿ. ಅಲ್ಲೇ ಯಾಕೆ? 1839ರಲ್ಲಿ ಅಬ್ನರ್ ಡಬಲ್‌ಡೇ ಎಂಬುವವರು ಬೇಸ್‌ಬಾಲ್ ಕಂಡುಹಿಡಿದದ್ದು ಅಲ್ಲಂತೆ. ಯಾರೋ ಮುದುಕರು ಬರೆದ ಪತ್ರ ನಂಬಿ 1907ರಲ್ಲಿ ಒಂದು ಆಯೋಗ ಹಾಗೆ ತೀರ್ಪು ಕೊಟ್ಟಿತು. 1839ರಲ್ಲಿ ಡಬಲ್‌ಡೇ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿದ್ದರು. ಬೇಸ್‌ಬಾಲ್ ತಮ್ಮದು ಅಂತ ಅವರು ಬದುಕಿರುವಾಗ ಎಂದೂ ಹೇಳಿಕೊಂಡಿಲ್ಲ. ಕಥೆ ಸುಳ್ಳು ಅಂತ ಈಗ ಎಲ್ಲರೂ ಒಪ್ಪುತ್ತಾರೆ. ಕಟ್ಟಡ ಮಾತ್ರ ಅಲ್ಲೇ ಇದೆ. ಇಂಥ ಕಟ್ಟಡದೊಳಗೆ ಕೂತು, ಹಳೆಕಾಲದವರ ವಿಷಯದಲ್ಲಿ ಪಕ್ಕಾ ದಾಖಲೆ ಬೇಕು ಅಂತ ಒಬ್ಬ ಕ್ಯಾಚರ್‌ಗೆ ಮಾತ್ರ ಹೇಳುತ್ತಾ ಬಂದರು.

ಆತ ಜಾಶ್ ಗಿಬ್ಸನ್. ಕರಿಯರನ್ನು ದೊಡ್ಡ ಲೀಗಿಗೆ ಸೇರಿಸದ ಕಾಲದಲ್ಲಿ ನೀಗ್ರೊ ಲೀಗ್‌ಗಳಲ್ಲಿ ಆಡಿದವರು. 1947ರ ಜನವರಿ 20ರಂದು, 35ನೇ ವಯಸ್ಸಿಗೆ ತೀರಿಕೊಂಡರು. ಮೂರು ತಿಂಗಳೊಳಗೆ, ಏಪ್ರಿಲ್ 15ಕ್ಕೆ, ಕರಿಯರೇ ಆದ ಜಾಕಿ ರಾಬಿನ್ಸನ್ ದೊಡ್ಡ ಲೀಗಿಗೆ ಕಾಲಿಟ್ಟರು. ಗಿಬ್ಸನ್ ಬಗ್ಗೆ ಕಥೆಗಳು ಬೇಕಾದಷ್ಟಿದ್ದವು. 1972ರಲ್ಲಿ ಹಾಲ್ ಆಫ್ ಫೇಮ್ ಹಾಕಿದ ಫಲಕದಲ್ಲೇ ಸುಮಾರು 800 ಹೋಮ್ ರನ್ ಅಂತ ಕೆತ್ತಿಸಿದ್ದಾರೆ. ಬೆಂಚ್‌ಗಿಂತ ದೊಡ್ಡವರಾ ಅಂತ ಕೇಳಿದರೆ ಮಾತ್ರ ಉತ್ತರ ಬೇರೆ: ಕಥೆ ಬೇಡ, ಸ್ಕೋರ್‌ಕಾರ್ಡ್ ತನ್ನಿ.

ಸರಿ, ಸ್ಕೋರ್‌ಕಾರ್ಡ್ ಹುಡುಕುವವರು ಹುಟ್ಟಿಕೊಂಡರು. ಹಳೆ ಪತ್ರಿಕೆಗಳ ಧೂಳು ಕೊಡವಿ, ಪಂದ್ಯ ಪಂದ್ಯವನ್ನೂ ಕೂಡಿಸಿ, ವರ್ಷಗಟ್ಟಲೆ ಲೆಕ್ಕ ಹಾಕಿದರು. 2024ರ ಮೇನಲ್ಲಿ ಮೇಜರ್ ಲೀಗ್ ಅದನ್ನು ಅಧಿಕೃತ ಮಾಡಿತು. ಗಿಬ್ಸನ್ ಸರಾಸರಿ 0.372. ಅದುವರೆಗೆ ಮೊದಲ ಸ್ಥಾನದಲ್ಲಿದ್ದ ಟೈ ಕಾಬ್ ಅವರದು 0.367. ಸತ್ತು 77 ವರ್ಷದ ಮೇಲೆ ಒಬ್ಬ ಕ್ಯಾಚರ್ ಎಲ್ಲರಿಗಿಂತ ಮೇಲೆ ಬಂದು ಕೂತರು. ಲೀಗ್ ಪಂದ್ಯಗಳಷ್ಟೇ ಲೆಕ್ಕಕ್ಕೆ ಬಂದದ್ದರಿಂದ ಹೋಮ್ ರನ್ 200ರ ಒಳಗೆ ನಿಂತಿತು. ಸ್ಕೋರ್‌ಕಾರ್ಡ್ ಕೇಳಿದವರು ಈಗ ಕೇಳುವುದು, ಆ 800 ಎಲ್ಲಿ ಹೋಯಿತು?

ಅವರ ದೊಡ್ಡ ಸಂಕಟ ಕಾಬ್ ಕೆಳಗಿಳಿದದ್ದು. ದಾಖಲೆಗಳ ಪಾವಿತ್ರ್ಯ ಹಾಳಾಯಿತಂತೆ. ಆ ಪಾವಿತ್ರ್ಯ ಎಂಥದು, ಸ್ವಲ್ಪ ಹತ್ತಿರ ಹೋಗಿ ನೋಡೋಣ. 1910ರಲ್ಲಿ ಅತಿ ಹೆಚ್ಚು ಸರಾಸರಿ ಇದ್ದವರಿಗೆ ಚಾಮರ್ಸ್ ಕಂಪನಿಯ ಕಾರು ಬಹುಮಾನ. ಸ್ಪರ್ಧೆ ಕಾಬ್ ಮತ್ತು ನ್ಯಾಪ್ ಲಾಜೊಯಿ ನಡುವೆ. ಗೆದ್ದೇಬಿಟ್ಟೆ ಅಂದುಕೊಂಡು ಕಾಬ್ ಕೊನೆಯ ಪಂದ್ಯಗಳಿಗೆ ಇಳಿಯಲೇ ಇಲ್ಲ. ಕಾಬ್ ಅಂದರೆ ಆಗದ ಸೇಂಟ್ ಲೂಯಿಸ್ ಮ್ಯಾನೇಜರ್ ಜ್ಯಾಕ್ ಒಕಾನರ್, ಅವರೂ ಹಳೆ ಕ್ಯಾಚರೇ, ತಮ್ಮ ಮೂರನೇ ಬೇಸ್‌ಮನ್‌ಗೆ ಹಿಂದೆ ಹೋಗಿ ನಿಲ್ಲು ಅಂದರು. ಲಾಜೊಯಿ ಹೆಚ್ಚಿನ ಸಲ ಚೆಂಡನ್ನು ಆ ಖಾಲಿ ಜಾಗಕ್ಕೆ ಮೆತ್ತಗೆ ತಟ್ಟಿ ತಟ್ಟಿ ಒಂದೇ ದಿನ 8 ಹಿಟ್ ಗಿಟ್ಟಿಸಿದರು. ಗಲಾಟೆಯಾಯಿತು, ಒಕಾನರ್ ಕೆಲಸ ಹೋಯಿತು. ಲೀಗ್ ಕೂದಲೆಳೆ ಅಂತರದಲ್ಲಿ ಕಾಬ್ ಗೆದ್ದರು ಅಂತ ಘೋಷಿಸಿತು. ಕಂಪನಿ ಇಬ್ಬರಿಗೂ ಒಂದೊಂದು ಕಾರು ಕೊಟ್ಟು ಕೈತೊಳೆದುಕೊಂಡಿತು.

70 ವರ್ಷದ ಮೇಲೆ, 1981ರಲ್ಲಿ, ಆ ಸೀಸನ್ನಿನ ಒಂದು ಪಂದ್ಯವನ್ನು ಕಾಬ್ ಲೆಕ್ಕದಲ್ಲಿ ಎರಡು ಸಲ ಬರೆದುಕೊಂಡಿದ್ದಾರೆ ಅನ್ನುವುದು ಬಯಲಾಯಿತು. ಎರಡು ಹಿಟ್ ಸುಮ್ನೆ ಜಾಸ್ತಿ. ಕಾಬ್ ಜೀವಮಾನದ ಹಿಟ್ 4,191 ಅಲ್ಲ, 4,189. ಆಗಿನ ಕಮಿಷನರ್ ಬೋವಿ ಕೂನ್ ಇದ್ದದ್ದು ಹಾಗೇ ಇರಲಿ ಅಂದರು. 1985ರ ಸೆಪ್ಟೆಂಬರ್ 11ರಂದು ಪೀಟ್ ರೋಸ್ 4,192ನೇ ಹಿಟ್ ಹೊಡೆದಾಗ ಸಿನ್ಸಿನಾಟಿ ಕುಣಿದಾಡಿತು. ಸರಿ ಲೆಕ್ಕದಲ್ಲಿ ಅವರು ಕಾಬ್ ಅವರನ್ನು ಮೂರು ದಿನ ಮೊದಲೇ ಶಿಕಾಗೊದಲ್ಲಿ ದಾಟಿ ಆಗಿತ್ತು.

ಹೊಡೆಯದೇ ಇದ್ದ ಎರಡು ಹಿಟ್‌ಗೆ ಇಷ್ಟು ಕಾವಲು. ಗಿಬ್ಸನ್ ಹೊಡೆದ ಹಿಟ್‌ಗಳಿಗೆ ಮಾತ್ರ ಸಾಲು ಸಾಲು ಪ್ರಶ್ನೆ. ಎದುರಾಳಿಗಳು ದುರ್ಬಲರಿರಬಹುದು, ಅನ್ನುತ್ತಾರೆ. ಬೇಬ್ ರೂತ್ ದೊಡ್ಡ ಲೀಗಿನಲ್ಲಿ ಕರಿಯ ಪಿಚರ್ ಒಬ್ಬರನ್ನೂ ಎದುರಿಸದೆ ನಿವೃತ್ತರಾದರು, ಅದಕ್ಕೆ ಚುಕ್ಕಿ ಗುರುತು ಹಾಕಿ ಅಂತ ಯಾರೂ ಕೇಳಿದ್ದು ನಾನು ಕಂಡಿಲ್ಲ. ನೀಗ್ರೊ ಲೀಗ್‌ಗಳ ಸೀಸನ್ ಚಿಕ್ಕದು, ಅನ್ನುತ್ತಾರೆ. ನಿಜ, ಲೀಗ್ ಪಂದ್ಯ ಕಡಿಮೆ. ಹೊಟ್ಟೆಪಾಡಿಗೆ ಊರೂರು ಅಲೆದು ಆಡಿದ ಉಳಿದ ಪಂದ್ಯಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ.

ಯಾವ ಲೀಗ್ ದೊಡ್ಡದು, ಯಾವುದು ಅಲ್ಲ ಅಂತ ತೀರ್ಮಾನಿಸಲು 1969ರಲ್ಲಿ ಒಂದು ಸಮಿತಿ ಕೂತಿತ್ತು. ನೀಗ್ರೊ ಲೀಗ್‌ಗಳನ್ನು ಅದು ಪರಿಗಣಿಸಲೇ ಇಲ್ಲ. ಯೂನಿಯನ್ ಅಸೋಸಿಯೇಷನ್‌ಗೆ ಮಾತ್ರ ದೊಡ್ಡ ಲೀಗ್ ಅಂತ ಮುದ್ರೆ ಒತ್ತಿತು. ಆ ಲೀಗ್ ಬದುಕಿದ್ದು 1884ರ ಒಂದೇ ಸೀಸನ್, ಅದರಲ್ಲೂ ತಂಡಗಳು ಅರ್ಧಕ್ಕೇ ಬಾಗಿಲು ಹಾಕಿಕೊಂಡವು. ಖಾಲಿಯಾದ ಜಾಗಕ್ಕೆ ಸೇಂಟ್ ಪಾಲ್ ಊರಿನ ತಂಡವನ್ನು ಕರೆತಂದರು. ಅದು ಆಡಿದ್ದು ಒಟ್ಟು 9 ಪಂದ್ಯ. ತನ್ನ ಊರಲ್ಲಿ ಒಂದೂ ಆಡಲಿಲ್ಲ. ಗೆದ್ದದ್ದು ಎರಡು. ಆ ತಂಡದವರೆಲ್ಲ ಇವತ್ತಿಗೂ ಅಧಿಕೃತ ಮೇಜರ್ ಲೀಗ್ ಆಟಗಾರರು, ಅವರ ಸೀಸನ್ ಚಿಕ್ಕದಾಯಿತು ಅಂತ ಒಬ್ಬರೂ ತಕರಾರು ತೆಗೆದಿಲ್ಲ.