ಗಿಫ್ಟಾ, ಅಲ್ವಾ?

ನಮ್ಮ ದೊಡ್ಡಪ್ಪ ಬೀಡಿ ಬಿಟ್ಟು 20 ವರ್ಷದ ಮೇಲಾಯಿತು. ಡಾಕ್ಟರು ಹೇಳಿದರು, ಬಿಟ್ಟರು. ಆದರೆ ಒಂದು ಆಸೆ ಮಾತ್ರ ಹಾಗೇ ಉಳಿದಿತ್ತು. ಒಂದೇ ಒಂದು ಸಲ ಬಾಯಲ್ಲಿ ಸಿಗಾರ್ ಕಚ್ಚಿಕೊಂಡು, ಜಗಲಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಮಳೆ ನೋಡಬೇಕು. ಅಷ್ಟೇ.

ಇದರ ಬೇರು ಹಳೇದು. ನಮ್ಮ ಅಜ್ಜ ಆಲ್ದೂರು ಕಡೆ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದರು, ಅಂದರೆ ಹಾಜರಿ, ಲೆಕ್ಕ ಬರೆಯುವ ಗುಮಾಸ್ತ. ದೊಡ್ಡಪ್ಪ ಆಗ ಎಂಟು ವರ್ಷದ ಹುಡುಗ. ಶನಿವಾರ ಸಂಜೆ ಹಾಜರಿ ಪುಸ್ತಕ ಹೊತ್ತುಕೊಂಡು ಅಜ್ಜನ ಹಿಂದೆ ದೊರೆ ಬಂಗಲೆಗೆ ಹೋಗುತ್ತಿದ್ದರಂತೆ. ದೊರೆ ಪುಸ್ತಕ ನೋಡುತ್ತಿದ್ದನೋ ಇಲ್ಲವೋ, ಹೊಗೆ ಮಾತ್ರ ಬಿಡುತ್ತಿದ್ದ. "ಆ ವಾಸನೆ ಇನ್ನೂ ಮೂಗಿನಲ್ಲಿದೆ ಕಣೋ" ಅಂತ ದೊಡ್ಡಪ್ಪ ಮನೆಯ ಪ್ರತಿ ಮದುವೆಯಲ್ಲೂ, ಎರಡನೇ ಸಲ ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ ಹೇಳುತ್ತಾರೆ.

ಕಳೆದ ವರ್ಷ, ಅಂದರೆ 2025ರ ಮಾರ್ಚಿಗೆ, ದೊಡ್ಡಪ್ಪನಿಗೆ 75 ತುಂಬುವುದಿತ್ತು. ಅಮೆರಿಕದಲ್ಲಿರುವ ಅವರ ಮಗ, ನಮ್ಮ ಅಣ್ಣ, ಜನವರಿಯಲ್ಲೇ ಫೋನ್ ಮಾಡಿದ. "ಅಪ್ಪನಿಗೆ ಒಂದು ಬಾಕ್ಸ್ ಸಿಗಾರ್ ಕಳಿಸ್ತಿದ್ದೀನಿ. ಚಿಕ್ಕಮಗಳೂರಿಗೆ, ನಿನ್ನ ಅಡ್ರೆಸ್ಸಿಗೇ ಹಾಕ್ತೀನಿ. ಅಪ್ಪನಿಗೆ ಹೇಳ್ಬೇಡ, ಸರ್‌ಪ್ರೈಸು."

ಹೊಗೆಸೊಪ್ಪನ್ನು ಪೋಸ್ಟಿನಲ್ಲಿ ಕಳಿಸಬಹುದಾ ಅಂತ ನಾನು ಕೇಳಿದೆ. ಕೇಳಬಾರದಿತ್ತು. ಅಣ್ಣ ಯಾವುದನ್ನೂ ಅರ್ಧಕ್ಕೆ ಹೇಳುವವನಲ್ಲ. ಅಮೆರಿಕದಲ್ಲಿ 2010ರಲ್ಲಿ ಬಂದ ಒಂದು ಕಾಯಿದೆಯ ಪ್ರಕಾರ ಸಿಗರೇಟನ್ನು ಅಂಚೆಯಲ್ಲಿ ಹಾಕುವ ಹಾಗಿಲ್ಲವಂತೆ. ಜಗಿಯುವ ಹೊಗೆಸೊಪ್ಪೂ ಕೂಡದು. ಸಿಗಾರ್ ಮಾತ್ರ ಆಗಬಹುದು. ಯಾಕೆ ಅಂದರೆ, ಕಾಯಿದೆಯಲ್ಲಿ ಹಾಗಿದೆ. ಅಲ್ಲಿಂದ ಕ್ಯೂಬಾಕ್ಕೆ ಹೋದ. 1962ರಲ್ಲಿ ಕೆನಡಿ ಕ್ಯೂಬಾದ ವ್ಯಾಪಾರಕ್ಕೆ ಬೀಗ ಹಾಕಿದರಲ್ಲ, ಅದರ ಹಿಂದಿನ ಸಂಜೆ ತಮ್ಮ ಪತ್ರಿಕಾ ಕಾರ್ಯದರ್ಶಿಯನ್ನು ಕರೆದು ಸಿಗಾರ್ ತರಲು ಕಳಿಸಿದ್ದರಂತೆ. ಆತ 1,200 ಸಿಗಾರ್ ಜೋಡಿಸಿ ತಂದ ಮೇಲೆಯೇ ಅಧ್ಯಕ್ಷರು ಸಹಿ ಹಾಕಿದ್ದು. ಆ ಕಾರ್ಯದರ್ಶಿಯೇ ಆಮೇಲೆ ಇದನ್ನು ಹೇಳಿಕೊಂಡಿದ್ದಾನೆ. "ಹಾಗಾಗಿ ನಾನು ಕಳಿಸ್ತಿರೋದು ಕ್ಯೂಬಾದ್ದಲ್ಲ, ನಿಕರಾಗುವಾದ್ದು" ಅಂದ ಅಣ್ಣ. ನಮ್ಮ ದೊಡ್ಡಪ್ಪನ ಮಟ್ಟಿಗೆ ಎರಡೂ ಕಡೂರಿನಿಂದ ಆಚೆಗೆ ಅಂತ ನಾನು ಹೇಳಲಿಲ್ಲ.

ಮಾರನೇ ದಿನ ಪಾರ್ಸೆಲ್ಲಿನ ಫೋಟೋ ಬಂತು. ಮೇಲೆ ಕಸ್ಟಮ್ಸಿನ ಚೀಟಿ. ಅದರಲ್ಲಿ ಒಂದು ಕಡೆ 240210 ಅಂತ ಆರು ಅಂಕಿ. ನನಗೆ ಎದೆ ಧಸಕ್ ಅಂತು. ರಾತ್ರಿ ಹನ್ನೊಂದಕ್ಕೇ ಫೋನ್ ಮಾಡಿದೆ.

"ಅಣ್ಣಾ, ಪಿನ್‌ಕೋಡ್ ತಪ್ಪು ಬರೆದಿದ್ದೀಯ. ನಮ್ಮದು 577101. ಎರಡರಿಂದ ಶುರುವಾದರೆ ಅದು ಉತ್ತರ ಪ್ರದೇಶದ ಕಡೆ ಹೋಗುತ್ತೆ!"

ಅಣ್ಣ ಬಹಳ ಹೊತ್ತು ನಕ್ಕ. ಅದು ಪಿನ್‌ಕೋಡ್ ಅಲ್ಲವಂತೆ. ಜಗತ್ತಿನ ಕಸ್ಟಮ್ಸಿನವರೆಲ್ಲ ಪ್ರತಿ ಸಾಮಾನಿಗೂ ಒಂದು ನಂಬರ್ ಇಟ್ಟಿದ್ದಾರೆ. 2402 ಅಂದರೆ ಸಿಗಾರ್, ಸಿಗರೇಟಿನ ಮನೆತನ. ಅದರಲ್ಲಿ 10 ಅಂದರೆ ಸಿಗಾರ್ ಮತ್ತು ಅದರ ತಮ್ಮ ಚುಟ್ಟಾ. ಹುಣಸೂರಿನ ಸಂತೆಯಲ್ಲಿ ಸಿಗುವ ಚುಟ್ಟಾಕ್ಕೂ ಅಂತರರಾಷ್ಟ್ರೀಯ ನಂಬರ್ ಇದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

ನಾನು ನಂಬರಿನ ಗಲಾಟೆಯಲ್ಲಿ ಮುಖ್ಯವಾದದ್ದನ್ನು ನೋಡಲೇ ಇಲ್ಲ. ಅದೇ ಚೀಟಿಯಲ್ಲಿ ಚಿಕ್ಕ ಚಿಕ್ಕ ಚೌಕಗಳಿದ್ದವು. ದಾಖಲೆಯಾ, ಸ್ಯಾಂಪಲ್ಲಾ, ಗಿಫ್ಟಾ, ಇನ್ನೊಂದಾ ಅಂತ. ಅಣ್ಣ ಪ್ರೀತಿಯಿಂದ, ಒತ್ತಿ ಒತ್ತಿ, ಗಿಫ್ಟ್ ಅನ್ನುವುದಕ್ಕೆ ಗುರುತು ಹಾಕಿದ್ದ.

ಪಾರ್ಸೆಲ್ಲಿನ ನಂಬರನ್ನು ನಾನು ಬಾಯಿಪಾಠ ಮಾಡಿಕೊಂಡೆ. ಮುಂದೆ ಎರಡು ಅಕ್ಷರ, ಮಧ್ಯೆ ಒಂಬತ್ತು ಅಂಕಿ, ಕೊನೆಗೆ 'ಯುಎಸ್'. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಅದನ್ನು ಮೊಬೈಲಿನಲ್ಲಿ ಹಾಕಿ ನೋಡುವುದು. ಚಿಕಾಗೋ ಬಿಟ್ಟಿತು. ಭಾರತ ಮುಟ್ಟಿತು. ಆಮೇಲೆ ಕಸ್ಟಮ್ಸ್ ಅಂತ ಬಂತು. ಅಲ್ಲಿಗೆ ಕಥೆ ನಿಂತಿತು. ಇತ್ತ ದೊಡ್ಡಮ್ಮನಿಗೆ ವಿಷಯ ಹೇಗೋ ಗೊತ್ತಾಗಿ, ಭಾನುವಾರಕ್ಕೊಮ್ಮೆ ಫೋನ್. "ಬಂತೇನೋ ಆ ಬೀಡಿ?" ಅರಕಲಗೂಡಿನ ನನ್ನ ಸೋದರಮಾವನದ್ದು ಇನ್ನೊಂದು ವರಸೆ. ಅವರು ಹೊಗೆಸೊಪ್ಪು ಬೆಳೆದು, ಬ್ಯಾರನ್ ಅನ್ನುವ ಬಿಸಿಗೂಡಿನಲ್ಲಿ ಬೇಯಿಸಿ, ರಾಮನಾಥಪುರದ ಹರಾಜಿಗೆ ಹಾಕುವವರು. "ಇಲ್ಲಿ ಬೇಲ್‌ಗಟ್ಟಲೆ ಬಿದ್ದಿದೆ. ನೀವು ಅದನ್ನ ವಿಮಾನದಲ್ಲಿ ತರಿಸ್ತಿದ್ದೀರಾ? ದುಡ್ಡು ಜಾಸ್ತಿಯಾಗಿದೆ ನಿಮಗೆ." ಮಾವ, ಇದು ಬೇರೆ ಜಾತಿ ಸೊಪ್ಪು ಅಂದರೆ ಕೇಳಬೇಕಲ್ಲ!

ಒಂದು ದಿನ ಕಾಗದ ಬಂತು. ಬಂದಾಗ ನಾನಿರಲಿಲ್ಲ, ಹೆಂಡತಿಯ ತಂಗಿಯ ಮದುವೆಗೆ ಹೋಗಿದ್ದೆ. ವಾಪಸ್ ಬಂದು ನೋಡಿದಾಗ ಕೊಟ್ಟ ಗಡುವಿನಲ್ಲಿ ಒಂದು ವಾರ ಆಗಲೇ ಖರ್ಚಾಗಿತ್ತು. ಗುರುತಿನ ಚೀಟಿ ಕಳಿಸಿ, ಖರೀದಿಯ ಬಿಲ್ ಕಳಿಸಿ, ಸಾಮಾನಿನ ವಿವರ ಕೊಡಿ ಅಂತ ಅದರಲ್ಲಿತ್ತು. ಇದು ಖಂಡಿತ ಹೊಗೆಸೊಪ್ಪಿನ ತಪ್ಪು ಅಂದುಕೊಂಡೆ. ಪೊಲೀಸರು ಬರಬಹುದಾ ಅಂತ ಆಡಿಟರ್ ಗೆಳೆಯನ ಹತ್ತಿರ ಓಡಿದೆ. ಅವನು ಕನ್ನಡಕ ಏರಿಸಿ ಚೀಟಿಯ ಫೋಟೋ ನೋಡಿದ.

"ಸಿಗಾರ್ ಇರಲಿ ಮಾರಾಯ. ಗಿಫ್ಟ್ ಅಂತ ಯಾರು ಬರೆಯೋಕೆ ಹೇಳಿದ್ದು?"

ವಿಷಯ ಏನೆಂದರೆ, ಮೊದಲು 5,000 ರೂಪಾಯಿವರೆಗಿನ ಉಡುಗೊರೆ ಹೊರದೇಶದಿಂದ ಸುಂಕವಿಲ್ಲದೆ ಬರುತ್ತಿತ್ತು. ಚೀನಾದ ಆನ್‌ಲೈನ್ ಅಂಗಡಿಗಳು ಇದನ್ನು ಕಂಡುಕೊಂಡವು. ಮಾರಿದ ಸಾಮಾನಿಗೆಲ್ಲ ಗಿಫ್ಟ್ ಅಂತ ಚೀಟಿ ಅಂಟಿಸಿ ಕಳಿಸತೊಡಗಿದವು. ಸರ್ಕಾರ 2019ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಪೋಸ್ಟಿನಲ್ಲಾಗಲಿ ಕೊರಿಯರಿನಲ್ಲಾಗಲಿ ಬಂದದ್ದನ್ನು ಗಿಫ್ಟ್ ಅಂತ ಹೇಳಿ ಬಿಡಿಸಿಕೊಳ್ಳುವ ಹಾಗಿಲ್ಲ. ಪೂರ್ತಿ ಸುಂಕ ಕಟ್ಟಿದರೆ ಸರಿ. ವಿನಾಯಿತಿ ಎರಡೇ. ಒಂದು, ಜೀವ ಉಳಿಸುವ ಔಷಧಿ. ಇನ್ನೊಂದು, ರಾಖಿ.

"ರಾಖಿನಾ?"

"ರಾಖಿ. ಆದರೆ ರಾಖಿ ಜೊತೆ ಉಡುಗೊರೆ ಇಟ್ಟರೆ ಅದಕ್ಕಿಲ್ಲ. ಆದೇಶದಲ್ಲೇ ಹಾಗಂತ ಬರೆದಿದ್ದಾರೆ."

ಆ ಆದೇಶ ಬರೆದವರ ಮೇಲೆ ನನಗೆ ಗೌರವ ಹುಟ್ಟಿತು. ಸಿಗಾರಿಗೊಂದು ದಾರ ಕಟ್ಟಿ ಕಳಿಸುವವರು ಈ ದೇಶದಲ್ಲಿ ಇದ್ದೇ ಇರುತ್ತಾರೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ನನಗೇ ಆ ಯೋಚನೆ ಬಂದದ್ದು ಸುಳ್ಳಲ್ಲ.

ಸರಿ, ಸುಂಕ ಕಟ್ಟಿಬಿಡೋಣ ಅಂತ ತೀರ್ಮಾನವಾಯಿತು. ಅಣ್ಣನಿಂದ ಬಿಲ್ ತರಿಸಿಕೊಳ್ಳಲು ನಾಲ್ಕು ದಿನ. ಅವನ ಹಗಲು ನಮ್ಮ ರಾತ್ರಿ ಅಲ್ವಾ? ಬಿಲ್ಲು, ಆಧಾರು, ಒಂದು ವಿನಯದ ಪತ್ರ, ಮೂರನ್ನೂ ಹಿಡಿದು ಐಜಿ ರೋಡಿನ ಒಂದು ಜೆರಾಕ್ಸ್ ಅಂಗಡಿಗೆ ಹೋದೆ. ಪರೀಕ್ಷೆಯ ಕಾಲ. ಹುಡುಗರೆಲ್ಲ ನೋಟ್ಸು ಹಿಡಿದು ನಿಂತಿದ್ದರು. ಸ್ಕ್ಯಾನ್ ಮಾಡಿಸಿ, ಅಲ್ಲಿಂದಲೇ ನನ್ನ ಇ-ಮೇಲ್ ತೆಗೆದು ಕಳಿಸಿದೆ. ಗೆದ್ದೆ ಅಂತ ಮಸಾಲೆ ದೋಸೆ ತಿಂದು ಮನೆಗೆ ಬಂದೆ.

ಮೂರನೇ ದಿನ ಉತ್ತರ. "ಸರಕಿಗೆ ಸಂಬಂಧಿಸಿದ ದಾಖಲೆಯನ್ನು ಕಳಿಸಿ" ಅಂತ. ಕಳಿಸಿದ್ದೇನಲ್ಲ ಅಂತ ತೆಗೆದು ನೋಡಿದರೆ, ಆಧಾರ್ ನನ್ನದೇ. ಪತ್ರವೂ ನನ್ನದೇ. ಬಿಲ್ಲಿನ ಜಾಗದಲ್ಲಿ ಮಾತ್ರ ಯಾರದೋ ಪಹಣಿ! ನನಗಿಂತ ಮುಂಚೆ ಸ್ಕ್ಯಾನ್ ಮಾಡಿಸಿದವರದ್ದು. ಕಂಪ್ಯೂಟರಿನಲ್ಲಿ ಎರಡೂ ಅಕ್ಕಪಕ್ಕ ಇದ್ದವು, ನಾನು ಕನ್ನಡಕ ಮನೆಯಲ್ಲಿ ಬಿಟ್ಟಿದ್ದೆ. 2 ಎಕರೆ 10 ಗುಂಟೆ. ಸೊಸೈಟಿ ಸಾಲ ಬೇರೆ ಇತ್ತು. ಬೆಳೆ ಅನ್ನುವ ಕಡೆ ಹೊಗೆಸೊಪ್ಪು ಅಂತಿದ್ದಿದ್ದರೆ ಹೇಗೋ ಸಮರ್ಥಿಸಿಕೊಳ್ಳುತ್ತಿದ್ದೆ. ಅಲ್ಲಿದ್ದದ್ದು ರಾಗಿ. ಸಿಗಾರ್ ಪೆಟ್ಟಿಗೆ ಬಿಡಿಸಲು ರಾಗಿ ಹೊಲದ ಪಹಣಿ ಕೊಟ್ಟವನು ಅಂತ ಆ ಕಚೇರಿಯಲ್ಲಿ ನನ್ನ ಬಗ್ಗೆ ಈಗಲೂ ಮಾತಾಡಿಕೊಳ್ಳುತ್ತಿರಬೇಕು.

ಸರಿಯಾದ ಬಿಲ್ ಕಳಿಸುವಷ್ಟರಲ್ಲಿ ಗಡುವು ಮುಗಿದಿತ್ತು. ಪಾರ್ಸೆಲ್ ಚಿಕಾಗೋಕ್ಕೆ ವಾಪಸ್ ಹೊರಟಿತು. ದೊಡ್ಡಪ್ಪನ 75ನೇ ಹುಟ್ಟುಹಬ್ಬ ಒಬ್ಬಟ್ಟು ತಿಂದು ಮುಗಿಯಿತು.

ಅವತ್ತು ಸಂಜೆ ದೊಡ್ಡಪ್ಪನ ಜಗಲಿಯಿಂದ ದೂರದ ಗಿರಿಸಾಲು ನೋಡುತ್ತಾ ನನಗೆ ಒಂದು ವಿಷಯ ಹೊಳೆಯಿತು. ಬಾಬಾಬುಡನ್ ಯಮನ್‌ನಿಂದ ಏಳು ಕಾಫಿ ಬೀಜ ತಂದದ್ದು ನಮಗೆಲ್ಲ ಗೊತ್ತಿರುವ ಐತಿಹ್ಯ. ಮೊಳಕೆ ಬರುವ ಬೀಜ ಆಚೆ ಹೋಗದ ಹಾಗೆ ಅಲ್ಲಿನವರು ಕಾಯುತ್ತಿದ್ದರಂತೆ. ಅವರು ಮೈಗೆ ಕಟ್ಟಿಕೊಂಡು ತಂದರು ಅನ್ನುತ್ತಾರೆ, ಗಡ್ಡದಲ್ಲಿಟ್ಟು ತಂದರು ಅಂತಲೂ ಅನ್ನುತ್ತಾರೆ. ಅಂದರೆ ನಮ್ಮ ಇಡೀ ಜಿಲ್ಲೆಯ ಬಾಳು ನಿಂತಿರುವುದೇ ಯಾವ ಚೀಟಿಯನ್ನೂ ತುಂಬದ ಏಳು ಬೀಜದ ಮೇಲೆ. ಅವರು ನನ್ನ ಹಾಗೆ ಜೆರಾಕ್ಸ್ ಅಂಗಡಿಗೆ ಹೋಗಿದ್ದರೆ ನಾವಿವತ್ತು ಬೆಳಿಗ್ಗೆ ಎದ್ದು ಏನು ಕುಡಿಯುತ್ತಿದ್ದೆವೋ!

ಜುಲೈಯಲ್ಲಿ ಮಕ್ಕಳಿಗೆ ರಜ ಅಂತ ಅಣ್ಣನೇ ಊರಿಗೆ ಬಂದ. ಅದೇ ಪೆಟ್ಟಿಗೆ, ಈ ಸಲ ಸೂಟ್‌ಕೇಸಿನಲ್ಲಿ. ಬ್ಯಾಗೇಜಿನಲ್ಲಿ ಸುಂಕವಿಲ್ಲದೆ 25 ಸಿಗಾರ್ ತರಬಹುದು. ಅಥವಾ 100 ಸಿಗರೇಟು. ಅಥವಾ 125 ಗ್ರಾಂ ಹೊಗೆಸೊಪ್ಪು. ಆ 'ಅಥವಾ' ಮುಖ್ಯ ಅಂತ ಅಣ್ಣ ಮೂರು ಸಲ ಹೇಳಿದ. ಪೆಟ್ಟಿಗೆಯಲ್ಲಿದ್ದದ್ದು 20. ಆದರೂ ವಿಮಾನದಲ್ಲಿ ಎರಡು ಸಲ ತೆಗೆದು ಎಣಿಸಿದನಂತೆ, ದಾರಿಯಲ್ಲಿ ಮರಿ ಹಾಕಿದ್ದರೆ ಅಂತ. ಬೆಂಗಳೂರಿನಲ್ಲಿ ಯಾರೂ ಏನೂ ಕೇಳಲಿಲ್ಲ. ಅದೇ ಅವನಿಗೆ ಸ್ವಲ್ಪ ಬೇಜಾರು. ನಿಯಮದ ಪ್ರಿಂಟ್ ತೆಗೆದುಕೊಂಡು ಬಂದಿದ್ದ.

ಆದರೆ ಅದು ಆಷಾಢ. "ಆಷಾಢದಲ್ಲಿ ಎಂಥ ಹುಟ್ಟುಹಬ್ಬ? ಶ್ರಾವಣ ಬರಲಿ, ಎಲ್ಲರನ್ನೂ ಕರೆದು ಮಾಡೋಣ" ಅಂದರು ದೊಡ್ಡಮ್ಮ. ಪೆಟ್ಟಿಗೆ ಬೀರುವಿನ ಮೇಲೆ ಕೂತಿತು. ಸಿಗಾರಿಗೆ ಗಾಳಿಯಲ್ಲಿ ಶೇಕಡಾ 65ರಿಂದ 70ರಷ್ಟು ತೇವ ಇರಬೇಕು, ಅದಕ್ಕೆ ಅಂತಲೇ ದುಬಾರಿ ಪೆಟ್ಟಿಗೆ ಮಾರುತ್ತಾರೆ. ನಮ್ಮ ಜುಲೈ ಅದನ್ನೆಲ್ಲ ಪುಕ್ಕಟೆ ಕೊಡುತ್ತದೆ, ಕೇಳಿದ್ದಕ್ಕಿಂತ ಜಾಸ್ತಿಯೇ ಕೊಡುತ್ತದೆ. ಚಪ್ಪಲಿ, ಬೆಲ್ಟು, ಗೋಡೆಯ ಮೇಲಿನ ಅಜ್ಜನ ಫೋಟೋ, ಯಾವುದನ್ನೂ ಬಿಡುವುದಿಲ್ಲ.

ಎರಡು ವಾರದ ಮೇಲೆ ಮುಚ್ಚಳ ತೆಗೆದರೆ 20 ಸಿಗಾರಿಗೂ ವಿಭೂತಿ ಹಚ್ಚಿದ ಹಾಗಿತ್ತು.

"ಅದು ಪ್ಲೂಮ್" ಅಂದ ಅಣ್ಣ, ಗಂಭೀರವಾಗಿ. "ಒಳ್ಳೇ ಸಿಗಾರು ಹಳೇದಾದಾಗ ಎಣ್ಣೆ ಮೇಲೆ ಬಂದು ಹೀಗೆ ಬೆಳ್ಳಗೆ ಕೂರುತ್ತೆ. ಬೆಲೆ ಜಾಸ್ತಿ."

ದೊಡ್ಡಮ್ಮ ಒಂದನ್ನು ಎತ್ತಿ ಕಿಟಕಿ ಬೆಳಕಿಗೆ ಹಿಡಿದರು. ಬೆರಳಿನಲ್ಲಿ ಉಜ್ಜಿದರು. ಮೂಗಿನ ಹತ್ತಿರ ತಂದರು. 50 ಮಳೆಗಾಲ ಉಪ್ಪಿನಕಾಯಿ ಜಾಡಿ ಕಾದ ಮೂಗು ಅದು.

"ಬೂಷ್ಟು" ಅಂದರು.

ಅಲ್ಲಿಗೆ ವಾದ ಮುಗಿಯಿತು. ಎರಡು ದಿನ ಬಿಟ್ಟು ಅಣ್ಣ ಸ್ನಾನಕ್ಕೆ ಹೋಗಿ ಅಲ್ಲಿಂದಲೇ ಕೂಗಿಕೊಂಡ. ಹಂಡೆ ಒಲೆಯ ಮೇಲೆ, ಮಕ್ಕಳ ಒದ್ದೆ ಕಾಲುಚೀಲ ಒಣಗಿಸುವ ಗಳುವಿನ ಪಕ್ಕ, ದೊಡ್ಡಮ್ಮ ಒಂದು ಮೊರ ತೂಗುಹಾಕಿದ್ದರು. ಒಳಗೆ ಚೊಕ್ಕವಾಗಿ ಬಟ್ಟೆಯಲ್ಲಿ ಒರೆಸಿ ಜೋಡಿಸಿದ 20 ನಿಕರಾಗುವಾ ಸಿಗಾರುಗಳು. ಸೇದುವ ಮೊದಲೇ ಅವಕ್ಕೆ ಎರಡು ದಿನ ಹೊಗೆ ಹತ್ತಿತ್ತು.

ಶ್ರಾವಣದ ಮೊದಲ ಭಾನುವಾರ ಎಲ್ಲರೂ ಸೇರಿದೆವು. ದೊಡ್ಡಪ್ಪ ಪಂಚೆ, ಕೋಟು ಹಾಕಿ ಜಗಲಿಯಲ್ಲಿ ಕೂತರು. ಕಾಲ ಮೇಲೆ ಕಾಲು. ಮಳೆಯೂ ಹೇಳಿ ಕರೆಸಿದ ಹಾಗೆ ಬಂತು. ಅಣ್ಣ ಕಡ್ಡಿ ಗೀರಿದ. ದೊಡ್ಡಪ್ಪ ಒಂದೇ ಒಂದು ಸಲ ಎಳೆದು, ಕಣ್ಣು ಮುಚ್ಚಿ, ಹೊಗೆ ಬಿಟ್ಟರು. ಬಚ್ಚಲ ಒಲೆಯ ವಾಸನೆ ಜಗಲಿಯೆಲ್ಲ ತುಂಬಿತು. ನಾವೆಲ್ಲ ಉಸಿರು ಹಿಡಿದು ನೋಡಿದೆವು.

"ಇದೇ ಕಣೋ. ಥೇಟ್ ದೊರೆ ಬಂಗಲೆ ವಾಸನೆ."

ಆಮೇಲೆ ಅದನ್ನು ಆರಿಸಿ, ಬರೀ ಬಾಯಲ್ಲಿಟ್ಟುಕೊಂಡು, ಸಂಜೆವರೆಗೆ ಫೋಟೋ ತೆಗೆಸಿಕೊಂಡರು.

ಅಣ್ಣ ವಾಪಸ್ ಹೋಗುವಾಗ ಎರಡು ಕಿಲೋ ಕಾಫಿಪುಡಿ ಮರೆತು ಹೋದ. ಪೋಸ್ಟಿನಲ್ಲಿ ಕಳಿಸು ಅಂತ ದೊಡ್ಡಮ್ಮ ನನಗೇ ಹೊರಿಸಿದರು. ಗಣೇಶನ ಹಬ್ಬ ಮುಗಿದು ಎರಡನೇ ದಿನ, ಶುಕ್ರವಾರ, ಪ್ಯಾಕ್ ಮಾಡಿಕೊಂಡು ಅಂಚೆ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದ ಮೇಡಂ ಮೆತ್ತಗಿನ ಮಾತಿನವರು. ಅಡ್ರೆಸ್ ನೋಡಿ, ತಲೆ ಎತ್ತಿ ಕೇಳಿದರು.

"ಅಮೆರಿಕಕ್ಕಾ? ಗಿಫ್ಟಾ ಸರ್ ಇದು?"

ಎಂಟು ತಿಂಗಳ ನೋವು ನನ್ನ ಬಾಯಿಗೆ ಬಂತು. "ಇಲ್ಲ ಇಲ್ಲ ಮೇಡಂ! ಗಿಫ್ಟ್ ಅಲ್ಲವೇ ಅಲ್ಲ. ಬೇಕಾದರೆ ಬಿಲ್ ಇದೆ, ಆಧಾರ್ ಇದೆ" ಅಂತ ಎರಡನ್ನೂ ಕೌಂಟರಿನ ಮೇಲೆ ಹರಡಿದೆ. ಈ ಸಲ ಕನ್ನಡಕವನ್ನೂ ಹಾಕಿಕೊಂಡಿದ್ದೆ.

ಮೇಡಂ ಪಾರ್ಸೆಲ್ಲನ್ನು ಮೆಲ್ಲಗೆ ನನ್ನ ಕಡೆಗೆ ತಳ್ಳಿದರು. ಅಮೆರಿಕದವರು ಸಣ್ಣಪುಟ್ಟ ಸಾಮಾನಿಗೂ ಸುಂಕ ಹಾಕಿದ್ದರಿಂದ ನಾಲ್ಕು ದಿನದ ಹಿಂದೆಯಷ್ಟೇ, ಆಗಸ್ಟ್ 25ರಿಂದ, ನಮ್ಮ ಅಂಚೆಯವರು ಅಲ್ಲಿಗೆ ಪಾರ್ಸೆಲ್ ನಿಲ್ಲಿಸಿದ್ದಾರಂತೆ. ಈಗ ಹೋಗುವುದು ಕಾಗದಪತ್ರ ಮತ್ತು 100 ಡಾಲರ್ ಒಳಗಿನ ಗಿಫ್ಟ್ ಮಾತ್ರ.

"ಮೇಡಂ, ಹಾಗಾದರೆ ಇದು ಗಿಫ್ಟೇ."

"ಈಗಷ್ಟೇ ಅಲ್ಲ ಅಂದ್ರಲ್ಲ ಸರ್" ಅಂದರು ಅವರು. ನನ್ನ ಹಿಂದಿದ್ದ ಅಜ್ಜಿಯೊಬ್ಬರು ಪಾಸ್‌ಬುಕ್ಕಿನಿಂದ ನನ್ನ ಬೆನ್ನು ತಟ್ಟಿ, ಜಾಗ ಬಿಡಪ್ಪ ಅಂದರು.

ಸೋಮವಾರ ಹೊಸ ಚೀಟಿ ತುಂಬಿ, ಗಿಫ್ಟ್ ಅಂತ ದಪ್ಪ ಅಕ್ಷರದಲ್ಲಿ ಬರೆದುಕೊಂಡು ಹೋದೆ. ಭಾನುವಾರವೇ ಗಿಫ್ಟನ್ನೂ ನಿಲ್ಲಿಸಿಬಿಟ್ಟಿದ್ದರು. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಅಷ್ಟರಲ್ಲಿ ಆ ಎರಡು ಕಿಲೋ ಪುಡಿಯಲ್ಲಿ ನಮ್ಮ ಮನೆಯಲ್ಲಿ ಉಳಿದದ್ದು ನಾಲ್ಕು ಚಮಚ.